ಅಕ್ಕನ ಹಳೇ ಕಾರ್ಡೂ ನಾನು ಮಾಡಿಸಿಕೊಟ್ಟ ಹೊಸ ಕಾರ್ಡೂ

ಕೇಳಲೇಬೇಕಾಗಿದ್ದ ಒಂದು ಮಾತನ್ನು ನಾನು ಅಕ್ಕನ ಹತ್ತಿರ ಕೇಳಲಿಲ್ಲ. ಅವಳು ದೂರದ ಊರಿನಲ್ಲಿದ್ದಳು, ಫೋನ್ ಮಾಡಿದರೆ ರೇಂಜ್ ಸಿಗಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವ ಹಾಗೂ ಇಲ್ಲ. ಅವಳು ಕಾರ್ಡ್ ಕ್ಯಾಂಪಿನ ಕಿಟಕಿಯ ಆಚೆಯೇ ನಿಂತು, ಈ ಸಲ ಉಪ್ಪಿನಕಾಯಿಗೆ ಒಳ್ಳೆಯ ಮಿಡಿ ಸಿಗಲಿಲ್ಲವೆಂದು ಯಾರೋ ಹೆಂಗಸಿನ ಹತ್ತಿರ ದುಃಖ ಹೇಳಿಕೊಳ್ಳುತ್ತಿದ್ದಳು. ಕತ್ತು ಹೊರಗೆ ಹಾಕಿ "ಅಕ್ಕಾ, ಎರಡರಲ್ಲಿ ಯಾವುದು ಬೇಕು ನಿನಗೆ?" ಎಂದು ಕೇಳಿದ್ದರೆ ಮುಗಿದಿತ್ತು. ಬ್ಲೌಸಿನ ಬಟ್ಟೆ ತಂದವರ ಹತ್ತಿರ ಕತ್ತು ರೌಂಡಾ, ಚೌಕವಾ, ಹುಕ್ ಮುಂದೆಯಾ ಹಿಂದೆಯಾ ಎಂದು ಅವರಿಗೆ ಸಾಕು ಸಾಕಾಗುವಷ್ಟು ಕೇಳುವವಳು ನಾನು. ಒಡಹುಟ್ಟಿದ ಅಕ್ಕನ ಹತ್ತಿರ ಮಾತ್ರ ಕೇಳಲಿಲ್ಲ.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅಜ್ಜಾವರದಲ್ಲಿ ಮನೆಯ ಜಗಲಿಯ ಮೇಲೆ ಹೊಲಿಗೆ ಮೆಷಿನ್ ಇಟ್ಟುಕೊಂಡು ಬದುಕಿದವಳು. ಆದರೆ ಸರಕಾರ ಯಾವ ಕಾರ್ಡ್ ಕೊಡುತ್ತದೆ, ಎಲ್ಲಿ ಕೊಡುತ್ತದೆ, ಅದಕ್ಕೆ ಎಷ್ಟು ಫೋಟೋ ಬೇಕು ಎಂಬ ವಿದ್ಯೆಯಲ್ಲಿ ನಮ್ಮ ವಾರ್ಡಿನಲ್ಲಿ ನನ್ನನ್ನು ಮೀರಿಸಿದವರಿಲ್ಲ. ಬ್ಲೌಸ್ ಕೊಂಡುಹೋಗಲು ಬಂದವರು ಬ್ಲೌಸಿನ ಜೊತೆ ಒಂದು ಯೋಜನೆಯನ್ನೂ ತಿಳಿದುಕೊಂಡು ಹೋಗುತ್ತಾರೆ. ನಮ್ಮ ಕಡೆಯವರಿಗೆ ಕಾರ್ಡ್ ಎಂದರೆ ಒಂದು ಬಗೆಯ ಭಕ್ತಿ. ಅದರಿಂದ ಎಂತ ಸಿಗುತ್ತದೆ ಎಂದು ಆಮೇಲೆ ನೋಡಿದರಾಯಿತು, ಮೊದಲು ಮಾಡಿಸಿ ಇಡಬೇಕು. "ಇರ್ಲಿ ಮಾರಾಯ್ತಿ, ಅನ್ನ ಕೇಳ್ತದಾ ಅದು?" ಎನ್ನುತ್ತಾರೆ. ನನ್ನ ಗಂಡನ ಹೆಸರಿನಲ್ಲಿ ಎಂತೆಂತ ಕಾರ್ಡ್ ಉಂಟೆಂದು ಅವರಿಗೇ ಗೊತ್ತಿಲ್ಲ. ಒಂದರಲ್ಲಿ ಅವರ ಫೋಟೋ ಇರಬೇಕಾದಲ್ಲಿ ಬೇರೆ ಯಾರೋ ಇದ್ದಾರೆ, ಅದನ್ನೂ ನಾವು ಬಿಸಾಡಿಲ್ಲ.

ಹಾಗೆಯೇ ಕ್ಯಾಂಪಿನಲ್ಲಿ ಮಾತಾಡುವ ಕ್ರಮವೂ ನಮಗೆ ಗೊತ್ತು. ಮೇಜಿನ ಆಚೆ ಕೂತವರು "ನಿಮಗೆ ಮೊದಲೇ ಉಂಟಾ?" ಎಂದು ಕೇಳಿದರೆ, ಯಾವುದು ಎಂದು ಕೇಳುವುದಕ್ಕೂ ಮೊದಲು "ಇಲ್ಲ" ಎನ್ನಬೇಕು. ಗ್ಯಾಸ್ ಉಂಟಾ? ಇಲ್ಲ. ಪಂಪ್ ಉಂಟಾ? ಇಲ್ಲ. ಗಂಡ ಉಂಟಾ ಎಂದು ಕೇಳಿದರೂ ಬಾಯಿ ತಪ್ಪಿ ಇಲ್ಲ ಎಂದೇ ಬಂದೀತು. ಇದು ಸುಳ್ಳು ಎಂದು ನಮಗೆ ಯಾರಿಗೂ ಅನಿಸಿದ್ದಿಲ್ಲ. ಸರಕಾರದ ಹತ್ತಿರ ಮಾತಾಡುವ ಭಾಷೆಯೇ ಅದು ಎಂದು ತಿಳಿದಿದ್ದೇವೆ.

ಅಕ್ಕ ಜಾನಕಿ ಇರುವುದು ಕಡಬದ ಹತ್ತಿರ ಕೋಡಿಂಬಾಳದಲ್ಲಿ, ಮಗ ಸೊಸೆಯ ಜೊತೆ. ಎಪ್ಪತ್ತು ದಾಟಿದೆ. ನಮ್ಮ ಭಾವ ಮಿಲಿಟರಿಯಲ್ಲಿದ್ದವರು, ತೀರಿಕೊಂಡು ತುಂಬ ವರ್ಷವಾಯಿತು. ಅವರ ಲೆಕ್ಕದಲ್ಲಿ ಅಕ್ಕನಿಗೆ ಒಂದು ಕಾರ್ಡ್ ಇತ್ತು. ಅದನ್ನು ಹಿಡಿದುಕೊಂಡು ಪುತ್ತೂರಿನಲ್ಲಿ ಸೈನಿಕರ ಮನೆಯವರಿಗೆಂದೇ ಇರುವ ಕ್ಲಿನಿಕ್ಕಿಗೆ ಹೋದರೆ ಬಿಪಿ, ಶುಗರ್ ಎಲ್ಲ ನೋಡಿ ತಿಂಗಳ ಮಾತ್ರೆ ಕೊಡುತ್ತಾರೆ. ಅಡ್ಮಿಟ್ ಆಗಬೇಕಾಗಿ ಬಂದರೆ ಅದಕ್ಕೂ ಅದೇ ಕಾರ್ಡ್. ತಿಂಗಳಲ್ಲಿ ಆ ಒಂದು ದಿನ ಅಕ್ಕ ಒಳ್ಳೆಯ ಸೀರೆ ಉಟ್ಟು ಬೆಳಗ್ಗಿನ ಬಸ್ಸು ಹಿಡಿಯುತ್ತಾಳೆ. ಕ್ಲಿನಿಕ್ಕಿನ ಬೆಂಚಿನಲ್ಲಿ ಅವಳ ಹಾಗೆಯೇ ಗಂಡನ ಕಾರ್ಡ್ ಹಿಡಿದುಕೊಂಡು ಬರುವ ಇಬ್ಬರು ಗೆಳತಿಯರು ಇದ್ದಾರೆ. ಬಿಪಿ ನೋಡಿಸುವುದು ಅರ್ಧ ಗಳಿಗೆಯ ಕೆಲಸ. ಆಮೇಲೆ ಮೂವರೂ ಹೋಟೆಲಿಗೆ ಹೋಗಿ ಬನ್ಸ್ ತಿಂದು, ನಮ್ಮವರು ಜಮ್ಮುವಿನಲ್ಲಿರುವಾಗ, ನಮ್ಮವರು ಸಿಕ್ಕಿಮಿನಲ್ಲಿರುವಾಗ ಎಂದು ಸಂಜೆಯ ಬಸ್ಸಿನವರೆಗೆ ಮಾತಾಡುವುದು. ಶುಗರ್ ಇರುವವಳು ಬನ್ಸ್ ತಿನ್ನುದಾ ಎಂದು ಒಮ್ಮೆ ಕೇಳಿದ್ದೆ. "ಮಾತ್ರೆ ಕೊಟ್ಟಿದ್ದಾರಲ್ಲ, ಅದಕ್ಕೂ ಕೆಲಸ ಬೇಡ್ವಾ?" ಎಂದಿದ್ದಳು.

ಅವಳು ನಾಲ್ಕು ದಿನ ಇದ್ದು ಹೋಗಲು ನಮ್ಮ ಮನೆಗೆ ಬಂದಾಗಲೇ ಆ ಕ್ಯಾಂಪ್ ಬಂತು. ಎಪ್ಪತ್ತು ದಾಟಿದವರಿಗೆಲ್ಲ ಸರಕಾರದ ಹೊಸ ಆರೋಗ್ಯ ಕಾರ್ಡ್, ಬಡವರು ಶ್ರೀಮಂತರು ಎಂಬ ಭೇದ ಇಲ್ಲ, ವರ್ಷಕ್ಕೆ ಐದು ಲಕ್ಷದವರೆಗೆ ಆಸ್ಪತ್ರೆ ಖರ್ಚು. ನಾನು ಊರಿನ ಅಜ್ಜ ಅಜ್ಜಿಯರನ್ನು ಒಟ್ಟುಮಾಡಿ, ಜೀಪಿಗೆ ತುಂಬಿಸಿ, ಮುಂದಿನ ಸೀಟಿನಲ್ಲಿ ಕೂತು ಹೊರಟೆ. ಮದುವೆ ದಿಬ್ಬಣದ ಯಜಮಾನಿ ಕೂಡ ಅಷ್ಟು ಗತ್ತಿನಲ್ಲಿ ಹೋಗಿರಲಿಕ್ಕಿಲ್ಲ.

ಅಲ್ಲಿ ಮೊಬೈಲಿನ ಮುಂದೆ ಮುಖ ಹಿಡಿದು ಕಣ್ಣು ಮುಚ್ಚಿ ತೆರೆಯಬೇಕು. ಅಷ್ಟು ಮಾಡಿದರೆ ಮನುಷ್ಯ ಅವನೇ ಹೌದೆಂದು ಸರಕಾರ ಒಪ್ಪುತ್ತದೆ. ಅಕ್ಕ ಚೆನ್ನಾಗಿಯೇ ಕಣ್ಣು ಮಿಟುಕಿಸಿದಳು. ಮಿಟುಕಿಸಿ, ಕೆಲಸ ಆಯಿತೆಂದು ಹೊರಗೆ ಹೋಗಿ ಮಾವಿನ ಮಿಡಿಯ ಮಾತಿಗೆ ನಿಂತಳು. ಆಗ ಮೇಜಿನ ಹಿಂದಿದ್ದ ಹೆಂಗಸು ಕೇಳಿದರು, "ಇವರಿಗೆ ಸರಕಾರದ್ದು ಬೇರೆ ಆರೋಗ್ಯ ಕಾರ್ಡ್ ಉಂಟಾ?"

"ಇಲ್ಲ," ಎಂದೆ ನಾನು.

"ಸೈನಿಕರದ್ದು ಉಂಟೂಂತ ತೋರಿಸ್ತದಲ್ಲ ಅಮ್ಮ?"

"ಹಾಂ, ಅದೊಂದು ಉಂಟು."

"ಹಾಗಾದ್ರೆ ಎರಡೂ ಆಗುದಿಲ್ಲ. ಒಂದು ಬಿಡ್ಬೇಕು. ಯಾವುದು ಇಡುದು? ಅವರನ್ನೇ ಕರೀರಿ, ಕೇಳುವ."

ಕರೆಯಬಹುದಿತ್ತು. ಆದರೆ ಹಿಂದೆ ದೊಡ್ಡ ಸಾಲು ಇತ್ತು. ನಾನು ಕರೆತಂದವರಲ್ಲಿ ಒಬ್ಬರೂ ಬರಿಗೈಯಲ್ಲಿ ಹೋಗಬಾರದು, ಅದರಲ್ಲಿಯೂ ನನ್ನ ಸ್ವಂತ ಅಕ್ಕ ಹೋಗಬಾರದು. ಹೊಸದು ಎಂದಮೇಲೆ ಹಳತಕ್ಕಿಂತ ಒಳ್ಳೆಯದೇ ಇರುತ್ತದೆ ಎಂಬುದು ನನ್ನ ತಿಳುವಳಿಕೆ. "ಹೊಸದ್ದೇ ಇರ್ಲಿ. ನಾನು ಹೇಳಿದ್ರೆ ಅವಳು ಹೇಳಿದ ಹಾಗೇ," ಎಂದೆ. ಭಾವನ ಮಿಲಿಟರಿ ಸರ್ವಿಸಿನ ಕಾರ್ಡನ್ನು ಅಷ್ಟರಲ್ಲಿ ಬಿಟ್ಟುಕೊಟ್ಟಾಗಿತ್ತು. ಸಂಜೆ ಅಕ್ಕನ ಕೈಗೆ ಹೊಸ ಕಾರ್ಡ್ ಇಟ್ಟಾಗ ಅವಳು ಅದನ್ನು ದೂರ ಹಿಡಿದು ನೋಡಿ, "ಫೋಟೋದಲ್ಲಿ ಅತ್ತೆಯ ಹಾಗೆ ಕಾಣ್ತೇನಲ್ಲ ಮಾರಾಯ್ತಿ," ಎಂದು ನಕ್ಕಳು. ಹಳೆಯದು ಹೋಯಿತೆಂದು ನಾನು ಹೇಳಲಿಲ್ಲ. ಹೇಳಬೇಕಾದ ವಿಷಯ ಎಂದೇ ತೋರಲಿಲ್ಲ.

ಈಗ ನನಗೆ ಎಲ್ಲ ಗೊತ್ತು. ತಪ್ಪು ಮಾಡಿದ ಮೇಲೆ ಬರುವಷ್ಟು ಬುದ್ಧಿ ಯಾವ ಶಾಲೆಗೆ ಹೋದರೂ ಬರುವುದಿಲ್ಲ. ನೀವು ದುಡ್ಡು ಕೊಟ್ಟು ಕಂಪನಿಯ ವಿಮೆ ಮಾಡಿಸಿದ್ದರೆ ಅದೂ ಇರಲಿ, ಇದೂ ಇರಲಿ ಎನ್ನುತ್ತದೆ ಸರಕಾರ. ಮನೆಯ ಎಲ್ಲರಿಗೂ ಸೇರಿ ಸರಕಾರದ ಆರೋಗ್ಯ ಕಾರ್ಡ್ ಮೊದಲೇ ಇದ್ದರೆ, ಎಪ್ಪತ್ತು ದಾಟಿದವರ ಪಾಲಿಗೆ ಇದು ಬೇರೆಯೇ ಸಿಗುತ್ತದೆ. ಆದರೆ ಮಿಲಿಟರಿಯಲ್ಲಿ, ಸರಕಾರಿ ನೌಕರಿಯಲ್ಲಿ ಇದ್ದವರಿಗೆ ಸರಕಾರವೇ ಕೊಟ್ಟದ್ದು ಇದ್ದರೆ ಮಾತ್ರ ಎರಡರಲ್ಲಿ ಒಂದು. ಓರಗಿತ್ತಿಯರು ಹೊರಗಿನವರ ಹತ್ತಿರ ಬಹಳ ಚೆಂದ, ಅವರವರಿಗೆ ಮಾತ್ರ ಒಂದೇ ಅಡುಗೆಮನೆಯಲ್ಲಿ ಆಗುವುದಿಲ್ಲ, ಹಾಗೆ. ಇನ್ನೊಂದು ಸಂಗತಿ, ಹೊಸ ಕಾರ್ಡ್ ನಡೆಯುವುದು ಆಸ್ಪತ್ರೆಯಲ್ಲಿ ಮಲಗಿದರೆ ಮಾತ್ರ. ತಿಂಗಳ ಮಾತ್ರೆ ಅದರಲ್ಲಿ ಇಲ್ಲ. ನಡೆದುಕೊಂಡು ಬಂದು ಬನ್ಸ್ ತಿಂದು ಹೋಗುವ ರೋಗಿಗೆ ಅದು ಏನೂ ಮಾಡುವುದಿಲ್ಲ.

ಮುಂದಿನ ತಿಂಗಳು ಪುತ್ತೂರಿನಿಂದ ಅಕ್ಕನ ಫೋನ್ ಬಂತು. "ಕುಸುಮಾ, ನನ್ನ ಕಾರ್ಡ್ ನಡೆಯುದಿಲ್ಲಂತೆ. ನಾನೇ ಬೇಡಾಂತ ಬಿಟ್ಟದ್ದಂತೆ. ನಾನು ಯಾವಾಗ ಬಿಟ್ಟೆ ಮಾರಾಯ್ತಿ?"

ಆ ಕ್ಷಣ ಹೇಳಿಬಿಡಬಹುದಿತ್ತು. ನನ್ನ ಬಾಯಿಂದ ಬಂದದ್ದು, "ಈ ಸರಕಾರದವರ ಹಣೆಬರಹವೇ ಅಷ್ಟು ಅಕ್ಕ, ಒಂದು ಕೊಟ್ಟ ಹಾಗೆ ಮಾಡಿ ಇನ್ನೊಂದು ಎಳೆದುಕೊಳ್ಳುದು," ಎಂದು. ಹೇಳುತ್ತ ಹೇಳುತ್ತ ನನಗೇ ನಿಜವೆನಿಸಿತು. ಸರಕಾರದ ಮೇಲೆ ತಪ್ಪು ಹಾಕುವುದರಲ್ಲಿ ಇರುವ ಸುಖ ಇದು. ಸಾಕ್ಷಿ ಬೇಡ, ಯಾರೂ ತಿರುಗಿ ಕೇಳುವುದಿಲ್ಲ, ಸರಕಾರವೇ ಬಂದು ತಾನಲ್ಲ ಎಂದು ಹೇಳುವುದೂ ಇಲ್ಲ. ಅಕ್ಕ ಬಸ್ಸಿನಲ್ಲಿ ಹೇಳಿದಳಂತೆ, ಕಂಡಕ್ಟರನೂ ಸೇರಿ ಇಡೀ ಬಸ್ಸು ಹೌದು ಹೌದು ಎಂದಿತಂತೆ. ನನ್ನ ಜಗಲಿಯಲ್ಲಿ ನಾನೂ ಬೈದೆ. ಎಷ್ಟು ಚೆಂದ ಬೈದೆನೆಂದರೆ, ಬ್ಲೌಸ್ ಕೊಂಡುಹೋಗಲು ಬಂದ ಒಬ್ಬರು "ನೀವು ಈ ಸಲ ಪಂಚಾಯತಿಗೆ ನಿಲ್ಲಬೇಕು ಮಾರಾಯ್ರೆ," ಎಂದರು. ನಾಚಿಕೆಗೇಡು ಏನೆಂದರೆ, ನಿಂತರೆ ಹೇಗೆ ಎಂದು ಒಂದು ಮಧ್ಯಾಹ್ನ ಯೋಚನೆ ಕೂಡ ಮಾಡಿದೆ.

ಆದರೂ ಒಳಗೆ ಚುಚ್ಚುತ್ತಿತ್ತು. ಸುಳ್ಯದ ಮೆಡಿಕಲ್ಲಿನಿಂದ ಅವಳ ಮಾತ್ರೆಗಳನ್ನು ತೆಗೆದುಕೊಂಡು ಕೋಡಿಂಬಾಳಕ್ಕೆ ಹೋದೆ. ಅಕ್ಕ ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು ಜಗಲಿಯಲ್ಲಿ ಕೂತಿದ್ದಳು. ಎಲ್ಲಿಗಾದರೂ ಹೊರಟದ್ದಾ ಎಂದು ಕೇಳಿದೆ.

"ಎಲ್ಲಿಗೆ ಹೋಗುದು? ಇವತ್ತು ಕ್ಲಿನಿಕ್ಕಿನ ದಿನ ಅಲ್ವಾ. ಬೆಳಗ್ಗೆ ಎದ್ದು ಹೊರಟೆ, ಆಮೇಲೆ ನೆನಪಾಯ್ತು."

ಮಾತ್ರೆಯ ಕಟ್ಟು ಮುಂದೆ ಇಟ್ಟೆ. ಅವಳು ಮುಟ್ಟಲಿಲ್ಲ. "ಇದು ಮಗನೂ ತಂದು ಕೊಡ್ತಾನೆ. ಮಾತ್ರೆಗೆ ಬರ ಇಲ್ಲ ನನಗೆ. ಆದರೆ ಹೋಟೆಲಿಗೆ ಹೋಗ್ಲಿಕ್ಕೆ ಪುತ್ತೂರಿಗೆ ಹೋಗ್ತೇನೆಂತ ಸೊಸೆ ಹತ್ರ ಹೇಳುದು ಹೇಗೆ ಕುಸುಮಾ?" ಎಂದಳು. ನಾನು ಸರಕಾರವನ್ನು ಬೈಯಲು ಬಾಯಿ ತೆರೆದೆ. ಆ ದಿನ ಒಂದು ಬೈಗಳೂ ಸರಿಯಾಗಿ ಬರಲಿಲ್ಲ.

ಸ್ವಲ್ಪ ದಿನದಲ್ಲಿ ಕ್ಲಿನಿಕ್ಕಿನಲ್ಲಿ ಕಾಗದಪತ್ರ ನೋಡಿಕೊಳ್ಳುವ ಸುಬೇದಾರರು ಅಕ್ಕನಿಗೆ ಹೇಳಿಕಳಿಸಿದರು. ಅವರು ರಿಟೈರ್ ಆದವರು, ಮೀಸೆ ಮಾತ್ರ ಇನ್ನೂ ಸರ್ವಿಸಿನಲ್ಲಿದೆ. ಒಮ್ಮೆ ಬಿಟ್ಟದ್ದು ಬಿಟ್ಟದ್ದೇ ಎಂಬುದು ನಿಯಮ, ಆದರೂ ನಿಮಗೆ ಗೊತ್ತಿಲ್ಲದೆ ಆಗಿದ್ದರೆ ಮೇಲಿನವರಿಗೆ ಬರೆದು ನೋಡುವ, ಕ್ಯಾಂಪಿಗೆ ಜೊತೆಯಲ್ಲಿ ಬಂದವರನ್ನೂ ಕರೆದುಕೊಂಡು ಬನ್ನಿ ಎಂದಿದ್ದರು. ಅಕ್ಕ ಖುಷಿಯಲ್ಲಿ ನನ್ನನ್ನು ಕರೆದಳು. "ನೀನು ಚೆನ್ನಾಗಿ ಮಾತಾಡ್ತಿ, ಸರಕಾರಕ್ಕೆ ಸರೀ ಹೇಳು," ಎಂದಳು.

ಬೆಂಚಿನಲ್ಲಿ ಗೆಳತಿಯರಿಬ್ಬರೂ ನನಗಾಗಿ ಜಾಗ ಮಾಡಿಕೊಟ್ಟರು. ಸುಬೇದಾರರು ಅಕ್ಕನ ಹತ್ತಿರ ಕೇಳಿದರು, "ಅಮ್ಮಾ, ಎರಡರಲ್ಲಿ ಒಂದು ಬಿಡಬೇಕು ಅಂತ ನಿಮ್ಮ ಹತ್ರ ಕೇಳಿದ್ದಾರಾ ಇಲ್ವಾ?"

ಇಲ್ಲ ಎನ್ನುತ್ತಾಳೆ, ಆಮೇಲೆ ಸರಕಾರವನ್ನು ನಾನು ನೋಡಿಕೊಳ್ಳುತ್ತೇನೆ ಎಂದು ತಯಾರಾಗಿ ಕೂತಿದ್ದೆ. ಅಕ್ಕ ಸೆರಗಿನ ತುದಿ ಮಡಚಿದಳು.

"ಕೇಳಿರಬೇಕು ಸುಬೇದಾರ್ರೆ. ಕೇಳದೆ ಹಾಗೆ ಮಾಡ್ತಾರಾ? ನಾನೇ ಹೂಂ ಅಂದಿರಬೇಕು. ಈಗೀಗ ನನಗೆ ಮರೆವು. ನಮ್ಮವರ ಕಾರ್ಡನ್ನು ನಾನೇ ಬೇಡ ಅಂದು, ಅಂದದ್ದೂ ನೆನಪಿಲ್ಲ ಅಂದ್ರೆ, ನನ್ನ ತಲೆ ಹೋಯ್ತೂಂತ ಲೆಕ್ಕ."

ನಾನು ಕೇಳದೇ ಇದ್ದ ಪ್ರಶ್ನೆಯನ್ನು ಅವಳು ಇಷ್ಟು ದಿನ ನೆನಪು ಮಾಡಿಕೊಳ್ಳಲು ನೋಡುತ್ತಿದ್ದಳು. ಸಿಗದೇ ಹೋದಾಗ ಸರಕಾರವನ್ನೂ ಬಿಟ್ಟು ತಪ್ಪನ್ನು ತನ್ನ ತಲೆಯ ಮೇಲೆ ಹಾಕಿಕೊಂಡಳು.

"ಅದು ಹಾಗಲ್ಲ," ಎಂದೆ ನಾನು. ಎಲ್ಲರೂ ನನ್ನ ಕಡೆ ತಿರುಗಿದರು. ಜಗಲಿಯಲ್ಲಿ ಗಂಟೆಗಟ್ಟಲೆ ಬೈಯುವ ಬಾಯಿಂದ ಬಂದದ್ದು ಇಷ್ಟೇ: "ಅಲ್ಲಿ ತುಂಬ ರಶ್ ಇತ್ತು... ಆ ಗಡಿಬಿಡಿಯಲ್ಲಿ ಹೀಗೊಂದು ಆಗಿಹೋಯ್ತು."

"ಆಗಿಹೋಯ್ತು ಅಂದ್ರೆ?" ಎಂದರು ಸುಬೇದಾರರು. "ಮಾಡಿದವರು ಯಾರಾದ್ರೂ ಇರ್ಬೇಕಲ್ಲ ಅಮ್ಮ?"

ಯಾವ ಆಫೀಸಿನಲ್ಲಿಯೂ ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದನ್ನು ನಾನು ನೋಡಿದವಳಲ್ಲ. ಸರಕಾರ ಇಂಥಲ್ಲಿ ಹೇಗೆ ಜಾರಿಕೊಳ್ಳುತ್ತದೆ ಎಂದು ಊರಿಗೆಲ್ಲ ಹೇಳಿಕೊಡುವವಳು ನಾನು, ನನಗೆ ಮಾತ್ರ ಜಾರಲು ಜಾಗ ಇರಲಿಲ್ಲ. ನಾನು ಸುಬೇದಾರರನ್ನು ಬಿಟ್ಟು ಅಕ್ಕನ ಕಡೆ ತಿರುಗಿದೆ.

"ನಿನ್ನ ತಲೆ ಸರಿ ಉಂಟು ಅಕ್ಕ. ನಿನ್ನ ಹತ್ರ ಯಾರೂ ಕೇಳಲೇ ಇಲ್ಲ. ಅವರು ಕರೀರಿ ಅಂದ್ರು, ನಾನು ಕರೀಲಿಲ್ಲ. ಭಾವನ ಕಾರ್ಡನ್ನು ಬಿಟ್ಟದ್ದು ನೀನಲ್ಲ, ಸರಕಾರವೂ ಅಲ್ಲ, ನಾನು. ತಪ್ಪಾಯ್ತು ಅಕ್ಕಾ."