ಐದು ನಿಮಿಷ ಅಂದರೆ ಎಷ್ಟು ಗಂಟೆ?

ಯಮಧರ್ಮರಾಯನೇ ಆದರೂ ಹೇಳಿದ ಹೊತ್ತಿಗೆ ಬರಬೇಕು. ತಡವಾದರೆ ನಮ್ಮ ದೊಡ್ಡಪ್ಪ ಕಾಯುವುದಿಲ್ಲ, ಎದ್ದು ಹೋಗಿಬಿಡುತ್ತಾರೆ!

ಚಿಂತಾಮಣಿಯ ಕಾಲೇಜೊಂದರಲ್ಲಿ ಅವರು ಸಿ ಪ್ರೋಗ್ರಾಮಿಂಗ್ ಮೇಷ್ಟ್ರು. ನಾನೂ ಅವರ ಕೈಯಲ್ಲೇ ಕಲಿತವಳು. ಸೆಮಫೋರ್ ಪಾಠ ಬಂತೆಂದರೆ ಅವರಿಗೆ ಮೈಮೇಲೆ ದೇವರು ಬಂದಂತೆ. ಸೆಮಫೋರ್ ಎಂದರೆ ಮತ್ತೇನಲ್ಲ, ಇರುವುದೊಂದನ್ನೇ ಹಲವರು ಸರದಿಯಲ್ಲಿ ಬಳಸಲು ಹಾಕುವ ಬೀಗ. "ಬೀಗಕ್ಕೆ ಸುಮ್ನೆ ಕಾಯ್ತಾ ಕೂತ್ರೆ ಪ್ರೋಗ್ರಾಮ್ ಕಲ್ಲಾಗಿ ಹೋಗುತ್ತೆ ಕಣ್ರಪ್ಪಾ! ಇಂಥಾ ಗಂಟೆವರ್ಗೂ ಕಾಯ್ತೀನಿ, ಸಿಗ್ದಿದ್ರೆ ಹಿಡ್ಕೊಂಡಿರೋದನ್ನೂ ಬಿಟ್ಟು ಎದ್ದೋಗ್ತೀನಿ ಅಂತ ಬರೀರಿ." ಅದೂ 'ಐದು ನಿಮಿಷ' ಎಂದು ಬರೆಯುವಂತಿಲ್ಲ, ಗಡಿಯಾರದ ಹೊತ್ತನ್ನೇ ಬರೆಯಬೇಕು. ಬರೀ ಐದು ನಿಮಿಷ ಎಂದರೆ, ಹೊತ್ತನ್ನು 1970ರಿಂದ ಎಣಿಸುವ ಕಂಪ್ಯೂಟರು ಆ ಐದು ನಿಮಿಷ ಎಂದೋ ಮುಗಿದುಹೋಗಿದೆ ಎಂದುಕೊಂಡು ಕಾಯುವುದೇ ಇಲ್ಲವಂತೆ!

ಪಾಠ ಕಾಲೇಜಿನಲ್ಲೇ ಉಳಿದಿದ್ದರೆ ನಾವು ಬದುಕಿಕೊಳ್ಳುತ್ತಿದ್ದೆವು. ಕೆಂಚಾರ್ಲಹಳ್ಳಿಯ ಮದುವೆಯೊಂದರಲ್ಲಿ ಎರಡನೇ ಪಂಕ್ತಿಗಾಗಿ, ಉಣ್ಣುತ್ತಿದ್ದ ಅಜ್ಜನೊಬ್ಬನ ಕುರ್ಚಿ ಹಿಂದೆ ನಿಂತು, "ಯಜಮಾನ್ರೇ, ಒಂದೂ ಇಪ್ಪತ್ತಕ್ಕೆ ಏಳ್ತೀರೋ ಇಲ್ವೋ?" ಎಂದರು. ಅಜ್ಜ ತಿರುಗಿಯೂ ನೋಡದೆ, ತೆಲುಗಿನಲ್ಲೇ "ಆಗು ಸಾಮೀ, ಪಾಯಸಂ ಇಂಕಾ ರಾಲೇದು" ಎಂದ. ಪಾಯಸವೇ ಬಂದಿರಲಿಲ್ಲ, ಪಾಪ! ಒಂದೂ ಇಪ್ಪತ್ತಾಯಿತು, ದೊಡ್ಡಪ್ಪ ಉಣ್ಣದೆ ಬಸ್ಸು ಹತ್ತಿದರು. ದೊಡ್ಡಮ್ಮ ಮಾತ್ರ ಕಾದಿದ್ದು, ಪಾಯಸ ಎರಡು ಸಲ ಹಾಕಿಸಿಕೊಂಡು ಬಂದರು.

ಇಂಥವರಿಗೆ ತಮ್ಮ ಯಾರು? ನಮ್ಮಪ್ಪ! ಹಿಪ್ಪುನೇರಳೆ ತೋಟಕ್ಕೆ ಇಬ್ಬರಿಗೂ ಇರುವುದು ಒಂದೇ ಬೋರ್‌ವೆಲ್. ಒಂದು ಬೆಳಿಗ್ಗೆ "ಐದೇ ನಿಮಿಷ ಅಣ್ಣ" ಎಂದ ಅಪ್ಪ, ಕರೆಂಟು ಹೋಗುವವರೆಗೂ ತಮ್ಮ ತೋಟಕ್ಕೇ ನೀರು ಬಿಟ್ಟುಕೊಂಡರು. ದೊಡ್ಡಪ್ಪ ಮೋಟರ್ ರೂಮಿಗೆ ಬೀಗ ಜಡಿದು ಕೀಯನ್ನು ಜೇಬಿಗಿಳಿಸಿದರು. ಅಪ್ಪ ಬಿಟ್ಟಾರೆಯೇ? ಹೊರಗಿನ ಪೆಟ್ಟಿಗೆಯ ಫ್ಯೂಸು ಕಿತ್ತು ತಮ್ಮ ಜೇಬಿಗಿಳಿಸಿದರು.

"ಅವ್ನು ಫ್ಯೂಸ್ ಕೊಡ್ಲಿ, ಕೀ ಕೊಡ್ತೀನಿ" ಎಂದು ಅವರು. "ಅಣ್ಣ ಕೀ ಕೊಡ್ಲಿ, ಫ್ಯೂಸ್ ಕೊಡ್ತೀನಿ" ಎಂದು ಇವರು. ನೀರಿನ ಜೊತೆ ಮಾತೂ ನಿಂತಿತು. ತೋಟದಲ್ಲಿ ಸೊಪ್ಪು ಬಾಡತೊಡಗಿತು. ಎರಡೂ ಮನೆಯಲ್ಲಿ ರೇಷ್ಮೆಹುಳುಗಳು ಬಕಾಸುರನ ಹಸಿವಿನಲ್ಲಿದ್ದವು. ಸೊಪ್ಪು ಒಣಗಿದರೆ ಇಬ್ಬರ ಬೆಳೆಯೂ ಮಣ್ಣುಪಾಲು.

ಕೊನೆಗೆ ನಾನೇ ಹೋಗಿ ಕೇಳಿದೆ. "ದೊಡ್ಡಪ್ಪ, ಅಪ್ಪನಿಗೆ ಎಷ್ಟು ಗಂಟೆವರ್ಗೂ ಕಾಯ್ತೀರ?"

"ಅವ್ನು ಬರೋವರ್ಗೂ!"

"ಹಂಗ್ ಬರೆದಿದ್ರೆ ಲ್ಯಾಬಲ್ಲಿ ನೀವೇ ಸೊನ್ನೆ ಹಾಕ್ತಿದ್ರಿ."

"ಜಾಸ್ತಿ ಕಲ್ತುಬಿಟ್ಟಿದ್ದೀಯ ಕಣಮ್ಮ, ನಡಿ ಮನೆಗೆ" ಎಂದು ಬೈದು ಕಳಿಸಿದರು.

ಮರುದಿನ ಬೆಳಿಗ್ಗೆ ದೊಡ್ಡಪ್ಪ ನಮ್ಮ ಜಗಲಿಯಲ್ಲಿ! ಕೀಯನ್ನು ಅಪ್ಪನ ಮುಂದಿಟ್ಟು, "ಏಳು ಗಂಟೆವರ್ಗೂ ಕಾದೆ ಕಣೋ. ಸಾಕು. ಇದ್ನೂ ನೀನೇ ಇಟ್ಕೋ" ಎಂದು ಹೊರಟೇಬಿಟ್ಟರು. ನಿಯಮವೇ ಹಾಗಲ್ಲವೇ?

ಅಪ್ಪ ಜೇಬಿನಿಂದ ಫ್ಯೂಸು ತೆಗೆದು ಕೀಯ ಪಕ್ಕದಲ್ಲಿಟ್ಟು, "ಅಣ್ಣಾ... ತಿಂಡಿ ತಿಂದ್ಕೊಂಡ್ ಹೋಗು. ಇಡ್ಲಿ ಐದೇ ನಿಮಿಷ" ಎಂದರು.

ಮತ್ತೆ ಅದೇ ಐದು ನಿಮಿಷ! ನಾನು ದೊಡ್ಡಪ್ಪನ ಮುಖ ನೋಡಿದೆ. ದೊಡ್ಡಪ್ಪ 'ಅಂದ್ರೆ ಎಷ್ಟು ಗಂಟೆ?' ಎಂದು ಕೇಳಲಿಲ್ಲ. ಚಪ್ಪಲಿ ಬಿಟ್ಟು, ಬಂದು ತಮ್ಮನ ಪಕ್ಕ ಗೋಡೆಗೊರಗಿ ಕುಳಿತರು. ನನಗೆ ಕಣ್ಣು ತುಂಬಿ ಬಂತು. ಒಳಗೆ ಅಮ್ಮ ಇನ್ನೂ ಒಲೆಯನ್ನೇ ಹಚ್ಚಿರಲಿಲ್ಲ.