ಕೊನೆಯ ಹತ್ತು ನಿಮಿಷವನ್ನು ನುಂಗದ ರೆಕಾರ್ಡರ್ ಮಹಾಶಯರಿಗೆ

ಮಾನ್ಯರೇ,

ನಮ್ಮ ಮನೆಯ ಟೀವಿಯ ಕೆಳಗಿನ ಹಲಗೆಯಲ್ಲಿ, ಕಸೂತಿ ಹಾಕಿದ ಬಟ್ಟೆಯ ಮೇಲೆ, ಹಗಲೂ ಇರುಳೂ ಒಂದೇ ಒಂದು ಕೆಂಪು ಕಣ್ಣು ಬಿಟ್ಟುಕೊಂಡು ಆಸೀನರಾಗಿರುವ ತಮ್ಮ ಸನ್ನಿಧಾನಕ್ಕೆ, ನಾಲ್ಕನೇ ಕ್ಲಾಸಿಗೇ ಹಳ್ಳಿ ಶಾಲೆಯ ಋಣ ಹರಿದುಕೊಂಡು ಈಗ ಎದುರಿನ ಬೆತ್ತದ ಕುರ್ಚಿಯಲ್ಲಿ ಮಂಡಿ ನೀವಿಕೊಳ್ಳುತ್ತ ಕೂತಿರುವ ಈ ಮನೆಯ ಅಜ್ಜಿಯ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಕ್ಷೇಮವಾಗಿರದೆ ಏನು ಧಾಡಿ? ದಿನಾ ತಮ್ಮ ಬೆನ್ನು ಒರೆಸುವವಳು ನಾನೇ. ನನ್ನ ಬೆನ್ನಿಗೆ ಮುಲಾಮು ಹಚ್ಚುವವರು ಮಾತ್ರ ಈ ಮನೆಯಲ್ಲಿ ಹುಡುಕಿದರೂ ಸಿಗುವುದಿಲ್ಲ.

ಒಂದೇ ಕೋಣೆಯಲ್ಲಿ ಕೂತವರಿಗೆ ಪತ್ರವೇಕೆ, ಬಾಯಲ್ಲೇ ಹೇಳಬಾರದಿತ್ತೇ ಎಂದು ತಾವು ಕೇಳಬಹುದು. ಹೇಳಿ ನೋಡಿದೆ. ಗೋಡೆಗೆ ಹೇಳಿದ್ದರೆ ಕನಿಷ್ಠ ಪಕ್ಕದ ಮನೆಯವರಿಗಾದರೂ ಕೇಳಿಸುತ್ತಿತ್ತು. ಆದ್ದರಿಂದ ನನ್ನ ದೂರನ್ನು ನಾಲ್ಕು ಜನರ ಮುಂದೆ ಇಡುತ್ತಿದ್ದೇನೆ. ದೂರು ಇಷ್ಟೇ: ತಾವು ಈಗ ಸರಿಯಾಗಿ ಕೆಲಸ ಮಾಡುತ್ತಿದ್ದೀರಿ. ಇದನ್ನು ಓದಿದವರು ಮುದುಕಿಗೆ ಅರಳುಮರಳು ಎಂದಾರು. ಅನ್ನಲಿ. ಅರವತ್ತಕ್ಕೆ ಅರಳುಮರಳು ಎಂಬ ಗಾದೆಯ ಪ್ರಕಾರ ನೋಡಿದರೆ ನಾನು ಈಗಾಗಲೇ ಬಹಳ ತಡಮಾಡಿದ್ದೇನೆ.

ತಾವು ಈ ಮನೆಗೆ ದಯಮಾಡಿಸಿದ್ದು ಯಾಕೆಂದು ತಮಗೆ ಯಾರೂ ಹೇಳಿದಂತಿಲ್ಲ. ನನಗೊಬ್ಬಳು ನಾದಿನಿ ಇದ್ದಾಳೆ. ಹಿಂದಿನ ಬೀದಿಯಲ್ಲಿ ಮಗಳ ಮನೆಯಲ್ಲಿರುತ್ತಾಳೆ. ಅವಳ ಗಂಟಲಿನ ಗಾತ್ರ ನೋಡಿ ಬೀದಿಯವರೆಲ್ಲ ತುತ್ತೂರಿ ಎನ್ನುತ್ತಾರೆ. ಆ ಹೆಸರಿಟ್ಟವಳು ನಾನೆಂಬುದು ಅವಳಿಗೆ ಗೊತ್ತಿಲ್ಲ ಎಂದು ನಾನು ಅಂದುಕೊಂಡಿದ್ದೇನೆ. ಅವಳ ಮನೆಯ ಟೀವಿ ಸಂಜೆಯಾದರೆ ಅಳಿಯನ ವಶ, ಅವನು ಚೆಂಡಾಟ ಬಿಟ್ಟು ಮತ್ತೇನನ್ನೂ ನೋಡುವವನಲ್ಲ. ಹೀಗಾಗಿ ತುತ್ತೂರಿ ದಿನಾ ಸಂಜೆ ನಮ್ಮ ಮನೆಗೆ ಬರುತ್ತಿದ್ದಳು. ಎಂಟು ಗಂಟೆಗೆ ನನಗೆ ವಕೀಲರ ಧಾರಾವಾಹಿ ಬೇಕು, ಅದೇ ಎಂಟಕ್ಕೆ ಬೇರೆ ಚಾನೆಲ್ಲಿನಲ್ಲಿ ಬರುವ ಆಸ್ಪತ್ರೆಯ ಧಾರಾವಾಹಿ ಅವಳಿಗೆ ಬೇಕು. ಎತ್ತು ಏರಿಗೆ, ಕೋಣ ನೀರಿಗೆ. ಇಬ್ಬರಲ್ಲಿ ಕೋಣ ಯಾರೆಂಬ ಬಗ್ಗೆಯೂ ನಮ್ಮಲ್ಲಿ ಒಮ್ಮತವಿರಲಿಲ್ಲ. ರಿಮೋಟನ್ನು ಅವಳು ಸೆರಗಿನಡಿ ಇಟ್ಟುಕೊಂಡರೆ ನಾನು ಅದರ ಬ್ಯಾಟರಿ ತೆಗೆದು ಕನ್ನಡಕದ ಡಬ್ಬಿಯಲ್ಲಿಡುತ್ತಿದ್ದೆ. ಲಿಫ್ಟ್ ರಿಪೇರಿ ಮಾಡುವ ನನ್ನ ಮಗ, ಊರಿನವರನ್ನೆಲ್ಲ ಮೇಲಕ್ಕೂ ಕೆಳಕ್ಕೂ ಹತ್ತಿಸಿ ಇಳಿಸಿ ಸುಸ್ತಾಗಿ ಬರುವವನು, ಒಂದು ದಿನ ಬಾಗಿಲಲ್ಲೇ ನಿಂತು "ಅಮ್ಮ, ನಿಮ್ಮಿಬ್ಬರ ಕಾಟ ತಡೆಯೋಕಾಗಲ್ಲ. ಒಂದನ್ನ ನೋಡ್ತಾ ಇನ್ನೊಂದನ್ನ ತುಂಬಿಸಿಕೊಳ್ಳೋ ಪೆಟ್ಟಿಗೆ ಬಂದಿದೆ, ತಂದುಹಾಕ್ತೀನಿ, ಬಾಯಿ ಮುಚ್ಕೊಂಡು ನೋಡಿ" ಎಂದುಬಿಟ್ಟ. ಬಾಯಿ ಮುಚ್ಚಿಕೊಂಡು ನೋಡುವುದಕ್ಕೆ ಧಾರಾವಾಹಿ ಯಾಕೆ ಬೇಕು, ಆಕಾಶ ಸಾಲದೇ? ಆದರೆ ಆ ಮಾತು ನನಗೆ ಹೊಳೆದದ್ದು ಬಹಳ ತಡವಾಗಿ.

ತಮ್ಮನ್ನು ಆರಿಸಿದ ಕೀರ್ತಿಯೂ ನನ್ನದೇ. ಅಂಗಡಿಯಲ್ಲಿ ತಮ್ಮ ಬಂಧುಬಳಗವೆಲ್ಲ ಸಾಲಾಗಿ ಕೂತಿತ್ತು. ಅಂಗಡಿಯವನು ಇಷ್ಟು ಗಂಟೆ ಹಿಡಿಯುತ್ತದೆ, ಅಷ್ಟು ಜಿಬಿ ಇದೆ ಎಂದು ಹೇಳುತ್ತಲೇ ಇದ್ದ, ನಾನು ಎಲ್ಲ ತಿಳಿದವಳಂತೆ ತಲೆಯಾಡಿಸುತ್ತಲೇ ಇದ್ದೆ. ಕೊನೆಗೆ ಬೆರಳಲ್ಲಿ ಒಂದೊಂದನ್ನೂ ತಟ್ಟಿ ನೋಡಿ, ಗಟ್ಟಿ ಸದ್ದು ಬಂದ, ಎತ್ತಿದರೆ ಕೈಗೆ ಭಾರವಾದ, ಗುಂಡಿಗಳು ಕಡಿಮೆಯಿದ್ದ ತಮ್ಮನ್ನೇ ಒಪ್ಪಿದೆ. ಕುಂಬಳಕಾಯಿ ಆರಿಸುವ ವಿದ್ಯೆ ಒಂದೇ ನನಗೆ ಗೊತ್ತಿರುವುದು. ಅಂಗಡಿಯವನು ಪಾಪ, "ಅಜ್ಜಿ, ಇದು ಹಳೇ ಮಾಡಲ್ಲು, ಟೈಮು ನೀವೇ ಇಡಬೇಕಾಗುತ್ತೆ" ಎಂದು ಎಚ್ಚರಿಸಿದ. "ಇಡ್ತೀನಿ ಬಿಡಪ್ಪ, ನಮ್ಮನೇಲಿ ಎಲ್ರಿಗೂ ಟೈಮ್ ಇಡೋಳು ನಾನೇ" ಎಂದೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನನಗೆ ಬಹಳ ಹೆಮ್ಮೆಯಾಯಿತು.

ಇನ್ನು ಪ್ರತಿಷ್ಠಾಪನೆಯ ಸಂಗತಿ. ಸಂಜೆ ನಾನು ಮಾಡ್ತೀನಿ, ಮುಟ್ಟಬೇಡ ಎಂದು ಹೇಳಿ ಮಗ ಕೆಲಸಕ್ಕೆ ಹೋದ. ಮುಟ್ಟಬೇಡ ಎಂದದ್ದನ್ನು ಮುಟ್ಟದೆ ಇರುವ ವಯಸ್ಸು ನನ್ನದಲ್ಲ. ತಮ್ಮ ಜೊತೆ ಬಂದ ಪುಸ್ತಕವನ್ನು ಬೆರಳಿಟ್ಟು ಓದಿದೆ. ಅದರಲ್ಲಿ ಹತ್ತಾರು ಭಾಷೆಗಳಿದ್ದವು, ಮನುಷ್ಯರು ಮಾತಾಡುವಂಥದ್ದು ಒಂದೂ ಇರಲಿಲ್ಲ. ಚಿತ್ರ ನೋಡಿಕೊಂಡೇ ವೈರು ಸಿಕ್ಕಿಸಿದೆ. ಮೊದಲು ಚಿತ್ರವಿಲ್ಲದೆ ಧ್ವನಿ ಬಂತು, ಆಮೇಲೆ ಧ್ವನಿಯಿಲ್ಲದೆ ಚಿತ್ರ ಬಂತು, ಮೂರನೇ ಸಲ ಎರಡೂ ಬಂದವು. ಆ ಸಂಭ್ರಮದಲ್ಲಿ ತಮಗೆ ಧೂಳು ತಾಗದಿರಲೆಂದು ಹಳೇ ಪರದೆಯ ಬಟ್ಟೆಯಲ್ಲಿ ಒಂದು ಅಂಗಿ ಹೊಲಿದು ತೊಡಿಸಿದೆ. ಅಲ್ಲಿಂದ ರಿಮೋಟು ಕೆಲಸ ಮಾಡಲೊಲ್ಲದು. ಬ್ಯಾಟರಿ ಬದಲಿಸಿದೆ, ರಿಮೋಟನ್ನು ಅಂಗೈಗೆ ಕುಟ್ಟಿದೆ, ಅಂಗಡಿಯವನ ಹಿಂದಿನ ಮುಂದಿನ ತಲೆಮಾರುಗಳನ್ನು ನೆನೆದೆ. ಕನ್ನಡಕದ ಅಂಗಡಿಯಿಂದ ಮನೆಗೆ ಬಂದ ಸೊಸೆ ಆ ಅಂಗಿಯನ್ನು ತಮ್ಮ ಕಣ್ಣಿನಿಂದ ಮೇಲೆತ್ತಿ ಒಳಗೆ ಹೋದಳು. ದಿನವಿಡೀ ಜನರ ಕಣ್ಣಿಗೆ ಗಾಜು ಕೂರಿಸುವವಳು. ನನ್ನ ಕಣ್ಣಿಗೆ ಕಾಣದ್ದು ಅವಳಿಗೆ ಕಂಡಿತು.

ಸಮಯವನ್ನು ಮಾತ್ರ ನಾನೇ ಇಟ್ಟೆ. ನಡುಮನೆಯ ಗೋಡೆ ಗಡಿಯಾರ ನೋಡಿ, ಮುಳ್ಳಿಗೆ ಮುಳ್ಳು ಹೊಂದಿಸಿ ಇಟ್ಟೆ. ಮಾನ್ಯರೇ, ಆ ಗಡಿಯಾರ ಹತ್ತು ನಿಮಿಷ ಮುಂದಿದೆ. ಅದನ್ನು ಹಾಗೆ ಇಟ್ಟವಳೂ ನಾನೇ, ಮಗ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಮನೆ ಬಿಡಲೆಂದು. ಮನೆಯವರಿಗೆಲ್ಲ ಅದನ್ನು ಹತ್ತು ಕಳೆದೇ ಓದುವ ಅಭ್ಯಾಸವಾಗಿಹೋಗಿ ಅದರಿಂದ ಈಗ ಯಾರಿಗೂ ಮೂರು ಕಾಸಿನ ಪ್ರಯೋಜನವಿಲ್ಲ, ಆದರೂ ಹಾಗೇ ಇದೆ. ಸೊಸೆ ಹೊಸದಾಗಿ ಬಂದಾಗ ಅವಳಿಗೂ ಯಾರೂ ಈ ಗುಟ್ಟು ಹೇಳದೆ, ಪಾಪದ ಹುಡುಗಿ ಎಷ್ಟೋ ದಿನ ಅಂಗಡಿಯ ಬೀಗ ತೆಗೆಯುವ ಮುಂಚೆಯೇ ಹೋಗಿ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳಂತೆ. ತಾವೂ ಹೊಸಬರು. ನಂಬಿದಿರಿ. ಎಂಟಕ್ಕೆ ಶುರುವಾಗುವ ಆಸ್ಪತ್ರೆಯನ್ನು ಹಿಡಿಯಲು ಹತ್ತು ನಿಮಿಷ ಮುಂಚೆಯೇ ಹೋಗಿ ಹವಾಮಾನ ವರದಿಯನ್ನು ಭಕ್ತಿಯಿಂದ ತುಂಬಿಕೊಂಡಿರಿ, ಮತ್ತು ಕಥೆ ಕುದಿಯುವ ಹೊತ್ತಿಗೆ, ಇನ್ನೂ ಹತ್ತು ನಿಮಿಷವಿರುವಂತೆಯೇ, ಅಂಗಡಿ ಮುಚ್ಚಿದಿರಿ.

ಅದು ನನಗೆ ಆಗ ತಿಳಿಯದು. ತಿಳಿದದ್ದು ಬೇರೆಯೇ. ತಾವು ತುಂಬಿಸಿಕೊಟ್ಟದ್ದು ಹೆಬ್ಬೆರಳಿನಷ್ಟು ಸಣ್ಣ ಪೆನ್ ಡ್ರೈವಿನಲ್ಲಿ ಕೂತುಬಿಡುತ್ತಿತ್ತಲ್ಲ, ತುತ್ತೂರಿ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೋಗಿ, ಮರುದಿನ ಅಳಿಯ ಇಲ್ಲದ ಹೊತ್ತಿನಲ್ಲಿ ತನ್ನ ಮನೆಯಲ್ಲೇ ನೋಡತೊಡಗಿದಳು. ಬರಬರುತ್ತ ಡ್ರೈವನ್ನು ತಂದುಕೊಡುವುದು, ಒಯ್ಯುವುದು ಎಲ್ಲ ಅವಳ ಮಗಳ ಕೈಯಲ್ಲೇ ಆಯಿತು. ಸಂಜೆ ಬರುವುದು ನಿಂತಿತು. ಇಡೀ ಟೀವಿ ನನ್ನದು, ರಿಮೋಟು ನನ್ನದು, ಬ್ಯಾಟರಿ ಅದರೊಳಗೇ ಇದೆ. ಗೆದ್ದೆ ಎಂದುಕೊಂಡೆ. ವಕೀಲ ಕೋರ್ಟಿನಲ್ಲಿ ಹಸೀ ಸುಳ್ಳು ಹೇಳಿದಾಗ "ನೋಡಿದ್ಯೇನೇ ಇವನ ಮುಸುಡಿ!" ಎಂದು ಪಕ್ಕಕ್ಕೆ ತಿರುಗಿದರೆ ಅವಳ ಕುರ್ಚಿಯ ಮೇಲೆ ಒಣಗಿದ ಬಟ್ಟೆಗಳ ರಾಶಿ. ಸೊಸೆಯನ್ನು ಕೂರಿಸಿಕೊಂಡೆ. ಒಳ್ಳೆಯವಳು, ಫೋನು ನೋಡುತ್ತಲೇ ನಾನು ಹೇಳಿದ್ದಕ್ಕೆಲ್ಲ "ಹೂಂ ಅತ್ತೆ" ಎನ್ನುತ್ತಾಳೆ. ವಕೀಲ ಕಳ್ಳ ಎಂದರೂ ಹೂಂ, ವಕೀಲ ದೇವರಂಥವನು ಎಂದರೂ ಹೂಂ. ಮದುವೆಯಾಗಿ ಬಂದ ದಿನದಿಂದ ನನ್ನ ಪ್ರತಿಯೊಂದು ಮಾತಿಗೂ "ಹಾಗಲ್ಲ ಅತ್ತಿಗೆ" ಎಂದೇ ಬಾಯಿ ತೆರೆದ ಒಬ್ಬಳ ಜೊತೆ ಬಾಳಿದವಳಿಗೆ ಈ ಹೂಂಗಳು ಗಂಟಲಲ್ಲಿ ಇಳಿಯುವುದಿಲ್ಲ. ಬಂದು ಕೂತುಕೋ ಎಂದು ಹೇಳಿಕಳಿಸೋಣವೆಂದರೆ, ಆ ಮಾತು ಈ ಬಾಯಲ್ಲಿ ಇಷ್ಟು ವರ್ಷದಲ್ಲಿ ಬಂದಿಲ್ಲ. ಅಭ್ಯಾಸವಿಲ್ಲದ ಕೆಲಸಕ್ಕೆ ಕೈಹಾಕಬಾರದು.

ಆಗ ತಮ್ಮ ಉಪಕಾರವಾಯಿತು. ಒಂದು ಮಧ್ಯಾಹ್ನ ಬೀದಿಯ ತಿರುವಿನಿಂದಲೇ ತುತ್ತೂರಿ ಊದಿತು. "ಅತ್ತಿಗೇ! ಬೇಕಂತಲೇ ಬಾಲ ಕತ್ತರಿಸಿ ಕಳಿಸ್ತೀಯಲ್ಲ, ನಿನ್ನ ಹೊಟ್ಟೆಕಿಚ್ಚಿಗೆ ಬೆಂಕಿ ಹಾಕ! ಮೂರನೇ ಬೆಡ್ಡಿನವನ ಕಥೆ ಏನಾಯ್ತು ಅಂತ ಹೇಳ್ದೆ ನಾನು ಇಲ್ಲಿಂದ ಏಳೋಳಲ್ಲ" ಎಂದು ಬಂದು ಒಣಗಿದ ಬಟ್ಟೆಗಳನ್ನು ನೂಕಿ ಕುರ್ಚಿಯಲ್ಲಿ ಕೂತಳು. ಆ ಮೂರನೇ ಬೆಡ್ಡಿನವನಿಗೆ ಎಚ್ಚರ ತಪ್ಪಿ ಯಾವ ಕಾಲವಾಗಿತ್ತೋ. ನಾನು ನೋಡಿದ್ದು ವಕೀಲನನ್ನು, ಆಸ್ಪತ್ರೆಯ ಕಡೆ ತಲೆ ಹಾಕಿಯೂ ಮಲಗಿದವಳಲ್ಲ. ಗೊತ್ತಿಲ್ಲ ಎಂದರೆ ಎದ್ದುಹೋಗುತ್ತಾಳೆ. "ಸತ್ತ" ಎಂದೆ. ಹೇಗೆ ಸತ್ತ, ಯಾರು ಅತ್ತರು, ನರ್ಸಮ್ಮ ಯಾವ ಕಿಟಕಿಯ ಹತ್ತಿರ ನಿಂತಿದ್ದಳು, ಎಲ್ಲವನ್ನೂ ಚಹಾ ಆರುವವರೆಗೆ ಹೇಳಿದೆ. ತುತ್ತೂರಿ ಸೆರಗಿನಿಂದ ಮೂಗು ಒರೆಸಿಕೊಂಡು ಹೋದಳು. ಮರುದಿನ ಮತ್ತೆ ಬಂದಳು. "ನೀನು ನಿನ್ನೆ ಸಾಯಿಸಿದವನು ಇವತ್ತು ಎದ್ದು ಕೂತು ನೀರು ಕೇಳ್ತಾ ಇದ್ದಾನಲ್ಲೇ!" ಎಂದಳು. "ಜೀವ ಹೋಯ್ತು ಅಂದೆ, ವಾಪಸ್ ಬರಲ್ಲ ಅಂದೆನಾ? ದೊಡ್ಡ ಆಸ್ಪತ್ರೆ ಅದು" ಎಂದೆ. ಅಂದಿನಿಂದ ದಿನಾ ಮಧ್ಯಾಹ್ನ ಅವಳು ಬಾಲವಿಲ್ಲದ ಕಥೆ ನೋಡಿಕೊಂಡು ಬರುವುದು, ನಾನು ಬಾಲ ಹಚ್ಚುವುದು, ಅದು ಸರಿಯಿಲ್ಲವೆಂದು ಅವಳು ಜಗಳ ತೆಗೆಯುವುದು. ನಾನು ದೊಡ್ಡ ಡಾಕ್ಟರನ್ನು ಜೈಲಿಗೆ ಕಳಿಸಿದೆ, ಆಂಬುಲೆನ್ಸಿನ ಡ್ರೈವರಿಗೆ ಮದುವೆ ಮಾಡಿಸಿದೆ, ಔಷಧದ ಅಂಗಡಿಗೆ ಬೆಂಕಿ ಹಚ್ಚಿದೆ. ನಾಲ್ಕನೇ ಕ್ಲಾಸಿಗೆ ಬಿಟ್ಟವಳು ಇಷ್ಟು ಮಾಡಿದ್ದು ಹೆಚ್ಚೇ. ಅಪರೂಪಕ್ಕೊಮ್ಮೆ ಧಾರಾವಾಹಿಯವರು ನನ್ನ ಹಾಗೆಯೇ ಮಾಡಿದಾಗ "ಪರವಾಗಿಲ್ಲ, ಅವರಿಗೂ ಬುದ್ಧಿ ಬರ್ತಿದೆ" ಎಂದು ತುತ್ತೂರಿಯೇ ಹೇಳಿದ್ದುಂಟು.

ಹೀಗಿರುವಾಗ ಮಗನಿಗೆ ರಜೆ ಬಂತು. ರಜೆಯ ದಿನ ಸುಮ್ಮನಿರಲಾರದೆ ಅವನು ಸ್ಕ್ರೂಡ್ರೈವರ್ ಹಿಡಿದು ತಮ್ಮ ಮುಂದೆ ಕೂತ. ಸ್ಕ್ರೂಡ್ರೈವರ್ ಬೇಕೇ ಆಗಲಿಲ್ಲ. ಒಮ್ಮೆ ಗೋಡೆಯ ಕಡೆ, ಒಮ್ಮೆ ತಮ್ಮ ಕಡೆ, ಒಮ್ಮೆ ನನ್ನ ಕಡೆ ನೋಡಿದ. "ಅಮ್ಮ, ಈ ಪೆಟ್ಟಿಗೇನೂ ಬೇಗ ಕೆಲಸಕ್ಕೆ ಅಟ್ಟಿದ್ಯಾ?" ಎಂದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಅಂಗಡಿಯವನೇ ಡೊಂಕು ಎಂದು ಊರೆಲ್ಲ ಸಾರಿಕೊಂಡು ಬಂದಿದ್ದೆ. "ಇರ್ಲಿ ಬಿಡೋ, ಅದಕ್ಕೂ ಅಭ್ಯಾಸ ಆಗಿದೆ" ಎಂದರೂ ಕೇಳದೆ ಸರಿಮಾಡಿಯೇ ಎದ್ದ. ಆ ಸಂಜೆ ತಾವು ಆಸ್ಪತ್ರೆಯನ್ನು ಬುಡದಿಂದ ತುದಿಯವರೆಗೆ, ಕೊನೆಯ ಹಾಡು, ಹೆಸರುಗಳ ಪಟ್ಟಿ ಸಮೇತ, ಒಂದು ಚೂರೂ ಚೆಲ್ಲದೆ ತುಂಬಿಕೊಂಡಿರಿ. ಕಳಿಸುವ ಮುಂಚೆ ನಾನೇ ಹಾಕಿ ನೋಡಿದೆ. ಪತ್ರವೊಂದು ನರ್ಸಮ್ಮನ ಕೈಗೆ ಸಿಕ್ಕಿತು, ಅವಳು ಅದನ್ನು ದೀಪಕ್ಕೆ ಹಿಡಿದು ಸುಟ್ಟಳು, ಮುಗಿಯಿತು. ಇಷ್ಟು ಅಚ್ಚುಕಟ್ಟಾದ ಕೆಲಸವನ್ನು ನೋಡಿ, ಇನ್ನು ಬಾಲ ಹಚ್ಚಿಸಿಕೊಳ್ಳಲು ಅವಳು ಯಾಕೆ ಬರುತ್ತಾಳೆ ಎಂದುಕೊಂಡೆ. ಪೆನ್ ಡ್ರೈವನ್ನು ನೀರಿನ ಬಕೆಟ್ಟಿಗೆ ಹಾಕಿಬಿಡಲೇ ಎಂದೂ ಅನ್ನಿಸಿತು. ಆದರೆ ಸುಳ್ಳು ಹೇಳಲು ಹಿಂಜರಿಯದವಳಿಗೆ ಸಾಮಾನು ಹಾಳುಮಾಡಲು ಮನಸ್ಸು ಬರಲಿಲ್ಲ. ಕಳಿಸಿದೆ.

ಮಧ್ಯಾಹ್ನ ಕುರ್ಚಿಯ ಮೇಲೆ ಒಣಬಟ್ಟೆ ಹಾಕದೆ ಖಾಲಿ ಬಿಟ್ಟಿದ್ದೆ. ಯಾಕೆಂದು ಸೊಸೆ ಕೇಳಲಿಲ್ಲ, ಅದು ಅವಳ ದೊಡ್ಡಗುಣ. ಚಹಾ ಕುದಿದು ಇಂಗುತ್ತಿತ್ತು. ಅಷ್ಟರಲ್ಲಿ ತಿರುವಿನಲ್ಲಿ ಊದಿತು. "ಅತ್ತಿಗೇ! ನಿನ್ನ ದರಿದ್ರ ಪೆಟ್ಟಿಗೆ ಇವತ್ತೂ ಕೊನೆ ನುಂಗಿದೆ! ಆ ಪತ್ರ ಏನಾಯ್ತು ಹೇಳು."

ಮಾನ್ಯರೇ, ತಾವು ನುಂಗಿಲ್ಲವೆಂದು ನನಗೆ ಗೊತ್ತು. ಅಲ್ಲಿಯವರೆಗೆ ಈ ಮನೆತನದಲ್ಲಿ ಸುಳ್ಳು ಹೇಳಬಲ್ಲವಳು ನಾನೊಬ್ಬಳೇ ಎಂದು ಬೀಗುತ್ತಿದ್ದೆ. ಮುಖ ಗಟ್ಟಿ ಮಾಡಿಕೊಂಡು ಹೇಳತೊಡಗಿದೆ: ನರ್ಸಮ್ಮ ಪತ್ರ ಓದಿದಳು, ಅತ್ತಳು, ಚೂರುಚೂರಾಗಿ ಹರಿದುಹಾಕಿದಳು. "ಹಾಗಲ್ಲ ಅತ್ತಿಗೆ, ಹರಿಯೋದೆಲ್ಲಿ ಬಂತು, ಸುಟ್ಟಳು!" ಎಂದುಬಿಟ್ಟಳು ತುತ್ತೂರಿ. ಆಮೇಲೆ ಚಹಾದ ಲೋಟದೊಳಗೆ ನೋಡುತ್ತ, "ಸುಟ್ಟಿರಬೇಕು ಅಂದೆ. ನಾನಾಗಿದ್ರೆ ಸುಡ್ತಿದ್ದೆ" ಎಂದಳು. ನಾನು ಕೆದಕಲಿಲ್ಲ. "ನಿನಗೇನೇ ಗೊತ್ತು ನೋಡದೇ ಇರೋಳಿಗೆ, ಹರಿದಳು" ಎಂದೆ. ಸಂಜೆಯವರೆಗೂ ಹರಿದಳು, ಸುಟ್ಟಳು ಎಂದು ಕಿತ್ತಾಡಿದೆವು. ಬಹಳ ದಿನಗಳ ಮೇಲೆ ಗಂಟಲು ನೋವು ಬಂತು.

ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹ. ಈಗ ಈ ಮನೆಯಲ್ಲಿ ನಿಜ ಹೇಳುವವರು ತಾವೊಬ್ಬರೇ ಉಳಿದಿದ್ದೀರಿ, ಅದು ಮನೆಗೆ ಒಳ್ಳೆಯದಲ್ಲ. ದಯವಿಟ್ಟು, ತುತ್ತೂರಿಯ ದೂರು ನಿಜವೆನ್ನಿಸುವಂತೆ, ಮಗ ಹಾಕಿ ನೋಡಿದಾಗ ಅರ್ಧವೇ ತೋರಿಸಿ, ಅವನು ಬೆನ್ನು ತಿರುಗಿಸಿದ ಮೇಲೆ ಪೂರ್ತಿ ತೋರಿಸಿ; ನನ್ನ ನಾದಿನಿ ತನ್ನ ಮನೆಯಲ್ಲಿ ಪೂರ್ತಿ ನೋಡಿ ಬಂದು ಕೊನೆ ನುಂಗಿದೆ ಎಂದಾಗ ಯಾರಿಗೂ ಗೊತ್ತಾಗದಂತೆ ತಮ್ಮ ಕೆಂಪು ಕಣ್ಣನ್ನು ಬೇರೆ ಕಡೆ ತಿರುಗಿಸಿಕೊಳ್ಳಿ; ಸಾಧ್ಯವಾದರೆ ಅವಳ ಬೈಗುಳವನ್ನೂ ಒಂದಿಷ್ಟು ತುಂಬಿಟ್ಟುಕೊಳ್ಳಿ, ಅವಳು ಮಗಳ ಜೊತೆ ಎಲ್ಲಿಗಾದರೂ ಹೋದ ವಾರ ಬೇಕಾಗುತ್ತದೆ. ಈ ಪತ್ರ ಬಹಿರಂಗವಾಯಿತಲ್ಲ, ಅವಳು ಓದಿದರೆ ಎಂಬ ಹೆದರಿಕೆ ತಮಗೆ ಬೇಡ. ಓದಿದರೂ ಓದಿದೆನೆಂದು ಒಪ್ಪುವವಳಲ್ಲ. ಒಪ್ಪಿದರೆ ಮಧ್ಯಾಹ್ನ ತನ್ನ ಮನೆಯಲ್ಲೇ ಕೂರಬೇಕಾಗುತ್ತದೆ.

ಇಂತಿ, ತಮ್ಮ ಕಾರ್ಯದಕ್ಷತೆಯಿಂದ ನೊಂದಿದ್ದರೂ ದಿನಾ ತಮ್ಮ ಧೂಳು ಒರೆಸುವುದನ್ನು ಬಿಡದ,

ತಮ್ಮ ವಿಶ್ವಾಸಿ,
ಬೆತ್ತದ ಕುರ್ಚಿಯ ಅಜ್ಜಿ

ತಾ.ಕ.: ತಮ್ಮನ್ನು ಕೊಟ್ಟು ಹೊಸ ಮಾಡಲ್ಲು ತರೋಣ, ಅದು ತನ್ನ ಟೈಮನ್ನು ತಾನೇ ಇಟ್ಟುಕೊಳ್ಳುತ್ತದೆ, ಯಾರೂ ಏನೂ ಹೇಳಿಕೊಡಬೇಕಾಗಿಲ್ಲ ಎಂದು ಮಗ ಆಸೆ ತೋರಿಸುತ್ತಿದ್ದಾನೆ. ತಮಗೆ ಗಾಬರಿ ಬೇಡ. ಯಾರು ಹೇಳಿದ್ದನ್ನೂ ಕೇಳದೆ ಎಲ್ಲವನ್ನೂ ತಾನೇ ಸರಿಮಾಡುವಂಥದ್ದೊಂದನ್ನು ನಾನು ಹಿಂದೆಯೇ ಹೆತ್ತು ಸಾಕಿದ್ದೇನೆ. ಮನೆಯಲ್ಲಿ ಎರಡನೆಯದಕ್ಕೆ ಜಾಗವಿಲ್ಲ.