ಕೇಕಿಗೆ ವೈನ್ ತರಲು ಹೋಗಿ ಗಂಡನ ಮಾನ ಕಳೆದದ್ದು

ಒಂದು ಕೆಲಸಕ್ಕೆ ಹೊರಟರೆ ಅದು ಸರಳವಾಗಿ ಮುಗಿದದ್ದು ನನ್ನ ಆಯುಷ್ಯದಲ್ಲೇ ಇಲ್ಲ. ಕೊತ್ತಂಬರಿ ತರಲು ಹೋದರೆ ಯಾರದೋ ಜಗಳ ಬಿಡಿಸಿ ಬರುತ್ತೇನೆ, ಕೊತ್ತಂಬರಿ ಅಲ್ಲೇ ಉಳಿದಿರುತ್ತದೆ. ಅಂಥವಳು ವೈನ್ ತರಲು ಹೋದರೆ ಏನಾದೀತೆಂದು ಮೊದಲೇ ಯೋಚಿಸಬೇಕಿತ್ತು.

ನಾನು ಅಂಚೆ ಕಚೇರಿಯ ಕೌಂಟರಿನ ಹಿಂದೆ ಮೂವತ್ತೆರಡು ವರ್ಷ ಕೂತು ನಿವೃತ್ತಳಾದವಳು. ಈಗ ಖೂಬಾ ಪ್ಲಾಟ್ ಬಡಾವಣೆಯ ಮನೆಯಲ್ಲಿ ಕೇಕು ಮಾಡಿ ಮಾರುತ್ತೇನೆ. ನಮ್ಮವರು ನಿವೃತ್ತ ಹೈಸ್ಕೂಲ್ ಮಾಸ್ತರರು. ಅವರಿಗಿರುವ ಚಟ ಎರಡೇ: ಅರ್ಧ ಕಪ್ ಚಹಾ, ಪೂರ್ತಿ ಒಂದು ತಾಸು ಭಾಷಣ. ಬಡಾವಣೆಯ ಹಿರಿಯ ನಾಗರಿಕರ ಸಂಘಕ್ಕೆ ಅಧ್ಯಕ್ಷರಾಗಬೇಕು ಎಂಬುದು ಅವರ ಮೂರು ವರ್ಷದ ಆಸೆ. ಈ ಸಲ ಸಂಘದವರು ಹೆಚ್ಚುಕಡಿಮೆ ಒಪ್ಪಿಯೂ ಇದ್ದರು.

ಅಷ್ಟರಲ್ಲಿ ಕ್ರಿಸ್‌ಮಸ್ ಬಂತು. ಪ್ರತಿವರ್ಷ ನನ್ನ ಹತ್ತಿರ ಪ್ಲಮ್ ಕೇಕು ಮಾಡಿಸುವ ಹಿರಿಯ ನರ್ಸಮ್ಮ ಒಬ್ಬರಿದ್ದಾರೆ. ಅವರು ಫೋನು ಮಾಡಿ, "ಈ ಸಲ ದ್ರಾಕ್ಷಿ, ಖರ್ಜೂರ ಎಲ್ಲಾ ಕೆಂಪು ವೈನಿನಾಗೇ ನೆನಿ ಹಾಕ್ರಿ. ಹ್ವಾದ ವರ್ಷ ಬರೀ ಎಸೆನ್ಸ್ ಹಾಕಿದ್ರಿ, ನನಗ ಗೊತ್ತಾಯ್ತು" ಎಂದರು. ಸಿಕ್ಕಿಬಿದ್ದದ್ದಕ್ಕೆ ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಈ ಸಲ ನಾಲ್ಕು ಅಂಗಡಿ ಅಲೆದು, ಬೆಲೆ ಕೇಳಿ, ಒಳ್ಳೆಯ ವೈನನ್ನೇ ತರುತ್ತೇನೆ ಎಂದು ಹಟ ಹಿಡಿದೆ.

ತಂಪು ಮಾಡಿದ ಖರ್ಚು

ಮೊದಲು ಜಗತ್ ಸರ್ಕಲ್ಲಿನ ಹತ್ತಿರ ಇರುವ ಅಂಗಡಿಗೆ ಹೊರಟೆ. ಆಟೋದವನು ನಮ್ಮ ಪರಿಚಯದವನೇ, ಹತ್ತು ವರ್ಷದಿಂದ ನನ್ನನ್ನು ಸಂತೆಗೆ, ಆಸ್ಪತ್ರೆಗೆ ಕರೆದೊಯ್ಯುವ ಚಾಚಾ. ಎಲ್ಲಿಗೆ ಎಂದು ಹೇಳಿದ ಕೂಡಲೇ ಬ್ರೇಕು ಹಾಕಿದ.

"ಅಮ್ಮಾ, ನೀವು ಅಂಗಡಿ ಮುಂದ ಇಳೀರಿ. ಮೈ ಉಧರ್ ದೂರ ಖಡಾ ರಹತೂಂ, ಅಲ್ಲೇ ನಿಂತಿರ್ತೀನಿ. ನಮ್ಮ ಮೊಹಲ್ಲಾದವರು ನೋಡಿದ್ರ ನನ್ನ ಇಜ್ಜತ್ ಹೋಗ್ತದ."

"ಮತ್ತ ನನ್ನ ಇಜ್ಜತ್?"

"ನಿಮ್ದು ಸಾಹೇಬ್ರು ನೋಡ್ಕೋತಾರ."

ಅಂಗಡಿಯ ಜಾಲರಿಯ ಮುಂದೆ ನಿಂತಿದ್ದ ಏಳೆಂಟು ಗಂಡಸರು ನನ್ನನ್ನು ಕಂಡು ಎರಡು ಪಾಲಾಗಿ ಸರಿದು ದಾರಿ ಬಿಟ್ಟರು. ಒಬ್ಬನಂತೂ ಬೀಡಿ ಆರಿಸಿ ಕೈ ಹಿಂದೆ ಕಟ್ಟಿಕೊಂಡ. ಬ್ಯಾಂಕಿನಲ್ಲಿ, ರೇಷನ್ ಅಂಗಡಿಯಲ್ಲಿ ನನಗೆ ಯಾರೂ ಇಷ್ಟು ಮರ್ಯಾದೆ ಕೊಟ್ಟಿಲ್ಲ.

ಅಂಗಡಿಯವನು ಕೆಂಪು ವೈನಿನ ಒಂದು ಬಾಟಲಿ ಇಟ್ಟ. ಮೇಲೆ ಬರೆದ ಬೆಲೆಗಿಂತ ಮೂವತ್ತು ರೂಪಾಯಿ ಹೆಚ್ಚು ಕೇಳಿದ.

"ಇದ್ಯಾಕ ಹೆಚ್ಚು?"

"ಕೂಲಿಂಗ್ ಚಾರ್ಜ್ ರೀ."

ಬಾಟಲಿ ಮುಟ್ಟಿ ನೋಡಿದೆ. ಬಿಸಿಲಿಗೆ ನಿಲ್ಲಿಸಿದ ಸ್ಕೂಟರಿನ ಸೀಟು ಇದಕ್ಕಿಂತ ತಣ್ಣಗಿರುತ್ತದೆ.

"ಇದು ಸುಡಾಕತ್ತದಲ್ಲೋ ತಮ್ಮಾ!"

"ಬಾಟ್ಲಿ ಬಿಸಿ ಇರಬೌದ್ರಿ ಅಕ್ಕಾರ, ಆದ್ರ ಅಂಗಡ್ಯಾಗ ಫ್ರಿಜ್ ಅಂತೂ ಅದ ಅಲ್ರಿ" ಎಂದ.

ನನ್ನ ಇಡೀ ಸರ್ವಿಸಿನಲ್ಲಿ ಒಂದು ಅಂಚೆ ಚೀಟಿಗೂ ಐದು ಪೈಸೆ ಹೆಚ್ಚು ತೆಗೆದುಕೊಂಡವಳಲ್ಲ ನಾನು. ಮೈ ಉರಿಯಿತು. ಬಾಟಲಿ ಅಲ್ಲೇ ಬಿಟ್ಟು ಬಂದೆ. ಆಟೋದಲ್ಲಿ ಕೂತಾಗ ಚಾಚಾ ಕನ್ನಡಿಯಲ್ಲಿ ನನ್ನ ಮುಖ ನೋಡಿ ಮೆಲ್ಲಗೆ ಕೇಳಿದ: "ಸಾಹೇಬ್ರು ಯಾವಾಗಿಂದ ಶುರು ಮಾಡ್ಯಾರ್ರಿ ಅಮ್ಮಾ?"

ಸತ್ಯವಂತ

ಎರಡನೆಯ ಅಂಗಡಿ ಶರಣಸಿರಸಗಿಯ ಕಡೆ, ಹೊಸ ಲೇಔಟುಗಳ ನಡುವೆ. ಅಲ್ಲಿಯ ಮಾಲೀಕ ಹೆಚ್ಚಿಗೆ ರೊಕ್ಕ ಕೇಳಲಿಲ್ಲ. ಕೇಕಿಗೆ ಬೇಕು ಎಂದಾಗ ಕಪಾಟಿನ ತುದಿಯಿಂದ ಒಂದು ಬಾಟಲಿ ತೆಗೆದು, ಧೂಳು ಒರೆಸಿ, ಕೊಡದೆ ತನ್ನ ಕೈಯಲ್ಲೇ ಹಿಡಿದುಕೊಂಡ.

"ಅಕ್ಕಾರ, ನಿಮಗ ಸುಳ್ಳು ಹೇಳಲ್ಲ. ಇದು ಕೇಕಿಗೆ ಬ್ಯಾಡ. ನಾಕು ಬ್ಯಾಸಿಗಿ ನೋಡ್ಯದ, ಒಳಗ ಸಿರ್ಕಾ, ಅಂದ್ರ ವಿನೆಗರ್ ಆಗಿರ್ತದ."

"ವೈನು ಹಳೇದಾದಷ್ಟೂ ಚಲೋ ಅಂತಾರಲ್ಲಪಾ?"

"ಅದು ತಂಪು ಊರಿನ ಮಾತ್ರಿ. ನಮ್ಮೂರಾಗ ಮನುಷ್ಯಾರೇ ಹುಳಿ ಆಗ್ತಾರ."

ಅವನ ಪ್ರಾಮಾಣಿಕತೆಗೆ ನಿಜವಾಗಿ ಮನಸ್ಸು ತುಂಬಿ ಬಂತು. ಇಂಥ ಒಬ್ಬ ಇಡೀ ಪೇಟೆಗೆ ಇದ್ದರೆ ಸಾಕು ಎಂದುಕೊಂಡು, ಹೊರಡುವ ಮುಂಚೆ ಒಂದು ಮಾತು ಕೇಳಿದೆ, "ಹಂಗಾರ ಇದನ್ನ ಚೆಲ್ಲಿಬಿಡ್ತೀಯೇನು?"

"ಯಾಕ್ ಚೆಲ್ಲಲಿ? ಕೇಕಿಗೆ ಬ್ಯಾಡ ಅಂದೆ. ಕುಡಿಯೋರಿಗೆ ನಡೀತದ" ಎಂದು ಬಾಟಲಿಯನ್ನು ಮುಂದಿನ ಸಾಲಿಗೇ ಇಟ್ಟ.

ಬಕೀಟು

ಆ ಸತ್ಯವಂತನೇ ಒಂದು ಕಾಗದ ಕೊಟ್ಟಿದ್ದ. ಊರಿನ ಒಂದು ಹೋಟೆಲಿನ ಸಭಾಂಗಣದಲ್ಲಿ ವೈನಿನ ರುಚಿ ನೋಡುವುದನ್ನು ಕಲಿಸುತ್ತಾರಂತೆ, ಪುಕ್ಕಟೆ. ಯಾವ ವೈನು ಕೇಕಿಗೆ ಸರಿ ಎಂದು ಅಲ್ಲಿಯ ಮೇಷ್ಟ್ರನ್ನೇ ಕೇಳೋಣ ಎಂದು ಹೋದೆ.

ಸಭಾಂಗಣದ ತುಂಬ ಮೂವತ್ತು ಗಂಡಸರು, ನಡುವೆ ನಾನೊಬ್ಬಳು. ಹೊರ ಊರಿನಿಂದ ಬಂದ ಕಲಿಸುವ ಯುವಕ ಕೋಟು ಹಾಕಿ ಬೆವರುತ್ತಿದ್ದ. ಬಂದವರೆಲ್ಲ ತಯಾರಾಗಿಯೇ ಬಂದಿದ್ದರು. ಒಬ್ಬರ ಹತ್ತಿರ ಹುರಿದ ಶೇಂಗಾ, ಒಬ್ಬರ ಹತ್ತಿರ ಮಿರ್ಚಿ ಭಜಿ, ಒಬ್ಬರು ಮನೆಯಿಂದ ಸ್ಟೀಲ್ ಲೋಟವನ್ನೇ ತಂದಿದ್ದರು. ಗ್ಲಾಸಿನಲ್ಲಿ ಎರಡು ಗುಟುಕು ಹಾಕಿದ್ದನ್ನು ಕಂಡು ಹಿಂದಿನಿಂದ ಒಬ್ಬರು, "ತೀರ್ಥ ಕೊಡಾಕತ್ತೀಯೇನೋ?" ಎಂದರು.

ಯುವಕ ಹೇಳಿದ: "ಮೂಸಿ ನೋಡಿ. ಬಾಯಲ್ಲಿ ಸ್ವಲ್ಪ ಆಡಿಸಿ. ನುಂಗಬೇಡಿ. ಇಲ್ಲಿ ಬಕೀಟು ಇದೆ, ಇದರಲ್ಲಿ ಉಗುಳಿ."

ಎಲ್ಲರೂ ತಮ್ಮ ಗ್ಲಾಸು ಬಿಗಿಯಾಗಿ ಹಿಡಿದುಕೊಂಡರು.

ನಮ್ಮ ಊರಿನ ಮಂದಿ ಗುಟ್ಕಾ ಹಾಕಿ ಗೋಡೆಗೆ ಉಗುಳುತ್ತಾರೆ, ಮೆಟ್ಟಿಲ ಮೂಲೆಗೆ ಉಗುಳುತ್ತಾರೆ, ಓಡುವ ಬಸ್ಸಿನ ಕಿಟಕಿಯಿಂದ ಹಿಂದೆ ಬರುವವರ ಮೇಲೆ ಉಗುಳುತ್ತಾರೆ. ಇಲ್ಲಿ ಉಗುಳಬೇಡಿ ಎಂದು ಬರೆದ ಬೋರ್ಡಿನ ಮೇಲೂ ಉಗುಳಿದ್ದನ್ನು ನಾನು ನಮ್ಮ ಅಂಚೆ ಕಚೇರಿಯಲ್ಲೇ ಕಂಡಿದ್ದೇನೆ. ಅಂಥ ಮಂದಿಗೆ ಹೊಸ ಬಕೀಟು ಇಟ್ಟು ಕೈಮುಗಿದು ಉಗುಳಿ ಎಂದರೆ ಒಬ್ಬರೂ ಏಳಲಿಲ್ಲ. ಒಬ್ಬ ಹಿರಿಯರು ಎದ್ದು ನಿಂತು, "ಇದೇನು ಸಂಸ್ಕಾರನೋ ತಮ್ಮಾ? ಕುಡಿಯೋದನ್ನ ಯಾರರ ಉಗುಳ್ತಾರೇನು? ಅನ್ನಕ್ಕ ಸಮಾನ ಅದು" ಎಂದು ಬುದ್ಧಿ ಹೇಳಿದರು.

ಕೊನೆಗೆ ಉಗುಳಿದವಳು ನಾನೊಬ್ಬಳೇ. ಆ ಯುವಕನಿಗೆ ಎಷ್ಟು ಖುಷಿಯಾಯಿತೆಂದರೆ ಗ್ಲಾಸು ಹಿಡಿದ ನನ್ನ ಫೋಟೋ ತೆಗೆಸಿದ. ಕೇಕಿನ ಪ್ರಶ್ನೆ ಕೇಳುವ ಹೊತ್ತಿಗೆ ಮಾತ್ರ ಮಂದಿ ಬಾಟಲಿಗಳ ಮೇಜನ್ನು ಸುತ್ತುವರಿದಿದ್ದರು, ಅವನ ದನಿ ಕೇಳಲಿಲ್ಲ.

ಸಂಜೆಯೊಳಗೆ ಫೋಟೋ ಬಡಾವಣೆಯ ಎಲ್ಲರ ವಾಟ್ಸಪ್ಪಿನಲ್ಲಿತ್ತು. ನನ್ನನ್ನು ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಎದುರು ಮನೆಯಾಕೆ ಬಂದು ಕೈ ಹಿಡಿದು ಅತ್ತಳು: "ಗಂಡಗ ಹೊರಗ ಕುಡಿಯೂದು ಬ್ಯಾಡಂತ ಮನ್ಯಾಗೇ ಕೊಡಾಕ ಕಲ್ತು ಬಂದೀರಲ್ಲ, ನಿಮ್ಮಂಥಾ ಪತಿವ್ರತಾ ಎಲ್ಲೂ ಇಲ್ಲ ಬಿಡ್ರಿ."

ಫೋಟೋದಲ್ಲಿ ಗ್ಲಾಸು ನನ್ನ ಕೈಯಲ್ಲಿ, ತುಟಿಗೆ ಹತ್ತಿದ ಕೆಂಪು ನನ್ನದು, ಹೆಸರು ಮಾತ್ರ ನಮ್ಮವರಿಗೆ! ಇಷ್ಟು ವರ್ಷ ದುಡಿದ ಹೆಂಗಸಿಗೆ ಒಂದು ಚಟವನ್ನಾದರೂ ಸ್ವಂತದ್ದೆಂದು ಬಿಟ್ಟುಕೊಡಲು ಊರಿಗೆ ಮನಸ್ಸಿಲ್ಲ.

ಮರುದಿನ ಸಂಘದ ಕಾರ್ಯದರ್ಶಿ ಬಂದರು. ನಮ್ಮವರಿಗೆ, "ಸರ್, ಈ ವರ್ಷ ನೀವು ಆರಾಮ ಮಾಡ್ರಿ, ಅಧ್ಯಕ್ಷಗಿರಿ ಬ್ಯಾರೆಯವರು ನೋಡ್ಕೋತಾರ" ಎಂದರು. ನಮ್ಮವರಿಗೆ ಕಾರಣ ತಿಳಿಯಲಿಲ್ಲ. ಅರ್ಧ ಕಪ್ ಚಹಾವನ್ನೂ ಅಲ್ಲೇ ಬಿಟ್ಟು ಎದ್ದರು. ನಡೆದದ್ದನ್ನೆಲ್ಲ ಹೇಳಿದೆ. ಅವರು ಬೈಯಲಿಲ್ಲ, "ನಾ ಕುಡಿಯಲ್ಲಂತ ಮನಿಮನಿಗೆ ಹೋಗಿ ಹೇಳ್ಲೇನು?" ಎಂದಷ್ಟೇ ಕೇಳಿದರು. ಬೈದಿದ್ದರೇ ಚೆನ್ನಾಗಿತ್ತು.

ಶಿಷ್ಯ

ಇಷ್ಟಾದ ಮೇಲೆ ಬುದ್ಧಿ ಇದ್ದವರು ವೈನಿನ ಹೆಸರು ಎತ್ತುತ್ತಿರಲಿಲ್ಲ. ಆದರೆ ನರ್ಸಮ್ಮ ಮುಂಗಡ ಕೊಟ್ಟಾಗಿತ್ತು. ಈ ಊರಿನ ಸಹವಾಸ ಬೇಡ ಎಂದು ಕಮಲಾಪುರದ ಬಸ್ಸು ಹತ್ತಿದೆ. ಕೇಳಿದವರಿಗೆ, ಅಲ್ಲಿಯ ಹೆಸರಾದ ಕೆಂಪು ಬಾಳೆಹಣ್ಣು ತರಲು ಎಂದೆ. ನಮ್ಮವರು ಅಲ್ಲಿ ಹನ್ನೆರಡು ವರ್ಷ ಕಲಿಸಿದ್ದರು ನಿಜ. ಆದರೆ ಅವರ ಶಿಷ್ಯರೆಲ್ಲ ಡಾಕ್ಟರು, ಇಂಜಿನಿಯರು ಆಗಿದ್ದಾರೆ ಎಂದು ಅವರೇ ಹೇಳುತ್ತಿದ್ದರು, ನಾನು ನಂಬಿದ್ದೆ.

ಅಲ್ಲಿಯ ವೈನ್ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತವನು ನನ್ನನ್ನು ಕಂಡವನೇ ಹೊರಗೆ ಓಡಿ ಬಂದು, ರಸ್ತೆಯಲ್ಲೇ ಕಾಲಿಗೆ ನಮಸ್ಕಾರ ಮಾಡಿದ.

"ಅಮ್ಮಾರ, ಗುರ್ತು ಸಿಗಲಿಲ್ಲೇನ್ರಿ? ಸರ್ ಕಡಿಂದ ದಿನಾ ಹೊಡೆತ ತಿಂತಿದ್ನಲ್ರಿ, ನಾನೇ!"

ನಾನು ವೈನು ಬೇಕು ಎಂದೆ. ಅವನ ಕಣ್ಣಲ್ಲಿ ನೀರು ಬಂತು.

"ಸರ್‌ಗ ಹಿಂಗ ಆಗಬಾರದಿತ್ರಿ. ಫೋಟೋ ನಮಗೂ ಬಂದದ."

"ಏ, ಕೇಕಿಗೆ ಬೇಕಾಗ್ಯದಪಾ!"

"ಎಲ್ಲಾರೂ ಒಂದೊಂದು ಹೇಳ್ತಾರ್ರಿ. ಒಬ್ಬರು ಎತ್ತಿಗೆ ಅಂತಾರ, ಒಬ್ಬರು ಬಾಣಂತಿಗೆ ಅಂತಾರ. ಕೇಕಿಗೆ ಅಂದವರು ನೀವೇ ಮೊದಲು. ಇಲ್ರಿ ಅಮ್ಮಾರ, ಇಡೀ ತಾಲೂಕಿಗೆ ಮಾರ್ತೀನಿ, ನನ್ನ ಗುರುಗಳಿಗೆ ಮಾರಲ್ಲ."

ಬೈದೆ, ಬೇಡಿದೆ, ಬೆಲೆಗಿಂತ ಹೆಚ್ಚು ಕೊಡುತ್ತೇನೆಂದೆ. ಕೂಲಿಂಗ್ ಚಾರ್ಜೂ ಕೊಡುತ್ತೇನೆಂದೆ! ಅವನು ಜಗ್ಗಲಿಲ್ಲ. ಬದಲಿಗೆ ಒಂದು ಕರಪತ್ರ ಕೈಗಿಟ್ಟ. ಭಾನುವಾರ ಅಲ್ಲಿಯ ಸಮುದಾಯ ಭವನದಲ್ಲಿ ಕುಡಿತ ಬಿಡಿಸುವ ಶಿಬಿರ.

"ಸರ್‌ಗ ಕರ್ಕೊಂಡು ಬರ್ರಿ. ಚಲೋ ಶಿಬಿರ ಅದ, ಊಟನೂ ಅದ."

"ನಿನಗ ಹ್ಯಾಂಗ ಗೊತ್ತು ಚಲೋ ಅಂತ?"

"ಅರ್ಧ ಖರ್ಚು ನಂದೇ ಅಲ್ರಿ" ಎಂದ.

ಕೇಕು

ಕೊನೆಗೆ ಕಪ್ಪು ದ್ರಾಕ್ಷಿ ಹಿಂಡಿ, ಲವಂಗ ಹಾಕಿ ಕುದಿಸಿ, ಅದರಲ್ಲೇ ನೆನೆಹಾಕಿ ಕೇಕು ಮಾಡಿದೆ. ನರ್ಸಮ್ಮ ತಿಂದು ಕಣ್ಣು ಮುಚ್ಚಿದರು. "ಈಗ ನೋಡ್ರಿ, ಇದು ವೈನು! ಯಾವ ಅಂಗಡೀದು?"

ನಾನು ದೇವರಾಣೆಗೂ ವೈನು ಹಾಕಿಲ್ಲ ಎಂದೆ.

"ಅಂಗಡಿ ಹೆಸರು ಹೇಳೂದಿಲ್ಲಂದ್ರ ಬಿಡ್ರಿ, ಸುಳ್ಳ್ಯಾಕ ಹೇಳ್ತೀರಿ?" ಎಂದು ಮುಖ ತಿರುಗಿಸಿದರು.

ಐದು ಲೀಟರ್

ಶಿಷ್ಯ ನನ್ನನ್ನು ನಂಬದೆ ತಾನೇ ನಮ್ಮವರಿಗೆ ಫೋನು ಮಾಡಿದ. "ಸರ್, ಭಾನುವಾರ ಶಿಬಿರಕ್ಕ ಬರ್ರಿ. ನಿಮ್ಮಂಥವರು ಬಂದ್ರ ಉಳಿದವರಿಗೂ ಧೈರ್ಯ ಬರ್ತದ."

ನಮ್ಮವರು ಭಾಷಣಕ್ಕೆ ಕರೆದಿದ್ದಾರೆ ಎಂದುಕೊಂಡರು. ವಾರದಿಂದ ಬಾಡಿದ್ದ ಮುಖ ಅರಳಿತು. ದುಶ್ಚಟಗಳ ಮೇಲೆ ಎಂಟು ಪುಟ ಬರೆದು, ಜುಬ್ಬಾ ಇಸ್ತ್ರಿ ಮಾಡಿಸಿದರು. ಅವನು ಕರೆದದ್ದು ಯಾಕೆಂದು ಹೇಳಲು ನಾನು ಬಾಯಿ ತೆರೆದರೆ, "ನನ್ನ ಮಾತು ಕೇಳೋರು ಇನ್ನೂ ಅದಾರಂದ್ರ ನಿನಗ ನಂಬಿಕಿನೇ ಇಲ್ಲ" ಎಂದರು. ಅವರ ಆ ಸಂತೋಷ ಕಂಡು ಸುಮ್ಮನಾದೆ.

ಸಮುದಾಯ ಭವನ ತುಂಬಿತ್ತು. ಅವರನ್ನು ವೇದಿಕೆಗೆ ಕರೆದು ಮೈಕು ಕೊಟ್ಟರು. "ಸಭಿಕರೇ" ಎನ್ನುವಷ್ಟರಲ್ಲಿ ಶಿಬಿರದ ಹಿರಿಯರು ಹೆಗಲ ಮೇಲೆ ಕೈಯಿಟ್ಟು, "ಸರ್, ನಾಚಿಕಿ ಬ್ಯಾಡ. ಎಷ್ಟು ವರ್ಷದಿಂದ ಕುಡೀತೀರಿ?" ಎಂದು ಕೇಳಿದರು.

"ನಾನು ಕುಡಿಯೋದಿಲ್ಲ!"

ಸಭೆಯೆಲ್ಲ ನಕ್ಕಿತು. ಹಿರಿಯರು ಸಮಾಧಾನದಿಂದ, "ಮೊದಲನೇ ದಿನ ಎಲ್ಲಾರೂ ಹಿಂಗೇ ಅಂತಾರ" ಎಂದರು.

ನಮ್ಮವರು ಸಿಟ್ಟಾದರು. ಸಿಟ್ಟು ಬರುವುದೂ ಕುಡಿತದ ಲಕ್ಷಣವೇ ಎಂದರು ಹಿರಿಯರು. ಕೈ ನಡುಗಿತು. ಅದೂ ಲಕ್ಷಣವೇ. ಕೆಳಗೆ ಕೂತ ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ನಾನೂ ಎದ್ದು, "ಖರೇನೇ ಇವರು ಕುಡಿಯಲ್ರಿ" ಎಂದೆ. ಪಕ್ಕದ ಹೆಂಗಸರೆಲ್ಲ ಪಾಪ ಪಾಪ ಎಂದು ಜಗ್ಗಿ ಕೂರಿಸಿದರು.

ಅರ್ಧ ತಾಸು ಇದೇ ನಡೆಯಿತು. ಕೊನೆಗೆ ಸಾಕಾಗಿ, ನಮ್ಮವರು ಆ ಎಂಟು ಪುಟ ಮಡಚಿ ಜೇಬಿಗೆ ಹಾಕಿ, "ಹೌದು! ಕುಡೀತಿದ್ದೆ! ಇವತ್ತಿಂದ ಬಿಟ್ಟೆ! ಆತೇನು?" ಎಂದು ಕೂಗಿದರು.

"ದಿನಕ್ಕ ಎಷ್ಟು ಕುಡೀತಿದ್ರಿ ಸರ್?"

ಪಾಪ, ಅವರಿಗೆ ಆ ಲೆಕ್ಕ ಏನು ಗೊತ್ತು? ನಮ್ಮ ಮನೆಯಲ್ಲಿ ಅಳೆದು ತರುವುದು ಹಾಲು ಒಂದೇ.

"ಐದು ಲೀಟರ್" ಎಂದರು.

ಮುಂದಿನ ಸಾಲಿನಲ್ಲಿ ಕೂತಿದ್ದ ನುರಿತ ಕುಡುಕರು ಒಬ್ಬೊಬ್ಬರಾಗಿ ಎದ್ದು ನಿಂತು ಕೈಮುಗಿದರು. ಆಮೇಲೆ ಬಿದ್ದ ಚಪ್ಪಾಳೆಯಂಥ ಚಪ್ಪಾಳೆ ನಮ್ಮವರ ಯಾವ ಭಾಷಣಕ್ಕೂ ಬಿದ್ದಿರಲಿಲ್ಲ. ಒಬ್ಬ ಬಡಕಲು ಮನುಷ್ಯ ವೇದಿಕೆ ಹತ್ತಿ ಅವರ ಕಾಲು ಹಿಡಿದು, "ಐದು ಲೀಟರಿನ ಮನುಷ್ಯಾ ಬಿಟ್ಟಾನಂದ್ರ ನಾ ಒಂದು ಕ್ವಾರ್ಟರ್ ಬಿಡಲಾರದವನೇನ್ರಿ?" ಎಂದು ಗಳಗಳ ಅತ್ತ. ಅವನ ಹೆಂಡತಿ ಬಂದು ನನ್ನನ್ನು ಅಪ್ಪಿಕೊಂಡಳು. ಇನ್ನು ಸತ್ಯ ಹೇಳುವುದು ಹೇಗೆ?

ಮಾರನೆಯ ದಿನ ಸಂಘದವರೆಲ್ಲ ಹಾರ ಹಿಡಿದು ಮನೆಗೆ ಬಂದರು. ಕಾರ್ಯದರ್ಶಿ, "ಈ ವಯಸ್ಸಿನಾಗ ಇಂಥಾ ಮನೋಬಲ! ನೀವಲ್ಲದ ಬ್ಯಾರೆ ಯಾರು ಅಧ್ಯಕ್ಷರಾಗಬೇಕ್ರಿ?" ಎಂದು ಕೊರಳಿಗೆ ಹಾರ ಹಾಕಿದರು. ನನಗೆ ತಡೆಯಲಾಗಲಿಲ್ಲ. ಸಂಘದವರು ಮೆಟ್ಟಿಲು ಇಳಿಯುತ್ತಿದ್ದಾಗ, "ಈಗಾದರೂ ಖರೇ ಏನಂತ ಅವರಿಗೆ ಹೇಳಿಬಿಡೋಣ್ರಿ" ಎಂದೆ.

ನಮ್ಮವರು ಬಾಗಿಲು ಮುಂದೆ ಮಾಡಿ, ಹಾರ ಸರಿಮಾಡಿಕೊಂಡು ಹೇಳಿದರು: "ಸುಮ್ಮನಿರು ಮಾರಾಯ್ತಿ. ಅರವತ್ತೇಳು ವರ್ಷ ಕುಡೀದೇ ಕುಂತಿದ್ದೆ, ಯಾವನರ ಒಂದು ಹಾರ ತಂದಿದ್ನೇನು?"